ಬೂಟಿನ ಅಳತೆ ಕೇಳಿದವರಿಲ್ಲ

ಮದುವೆ, ಜಾತ್ರೆ, ಸಂತೆ ಎಲ್ಲಿಗೇ ಹೋಗಲಿ, ನಾನು ಮಿಲಿಟರಿಯಲ್ಲಿದ್ದವನೆಂದು ತಿಳಿದೊಡನೆ ಜನರು ಕೇಳುವ ಪ್ರಶ್ನೆ ಒಂದೇ. ‘ಎಷ್ಟು ಮಂದಿನ್ನ ಹೊಡದ್ರಿ?’ ಸಿಯಾಚಿನ್‌ನಲ್ಲಿದ್ದೆ ಎಂದರೆ ಇನ್ನೊಂದು ಪ್ರಶ್ನೆ. ‘ಅಲ್ಲಿ ಥಂಡಿ ಹೆಂಗಿರತದ್ರಿ?’ ಹದಿನೇಳು ವರ್ಷ ಪದಾತಿ ದಳದಲ್ಲಿ ದುಡಿದು 2008ರಲ್ಲಿ ಹವಾಲ್ದಾರನಾಗಿ ನಿವೃತ್ತನಾದ ನನ್ನನ್ನು ಯಾರೂ ಇದುವರೆಗೆ ಕೇಳದ ಪ್ರಶ್ನೆಯೊಂದಿದೆ: ‘ನಿಮ್ಮ ಕಾಲಿಗೆ ಸರಿಯಾದ ಬೂಟು ಸಿಕ್ಕಿತ್ತಾ?’ ಧಾರವಾಡ ಜಿಲ್ಲೆಯ ನಮ್ಮೂರಲ್ಲೂ ಕೇಳಿಲ್ಲ, ಬೆಂಗಳೂರಿನಲ್ಲೂ ಕೇಳಿಲ್ಲ. ಟಿ.ವಿ. ಚರ್ಚೆಗಳಲ್ಲಿ ಯೋಧರ ಬಗ್ಗೆ ಗಂಟಲು ಹರಿದುಕೊಳ್ಳುವವರಂತೂ ಕೇಳುವುದೇ ಇಲ್ಲ.

ಸಿಯಾಚಿನ್ ಎಂದರೆ ಹಿಮದ ಬಯಲಿನಲ್ಲಿ ಸೈನಿಕರು ಸಾಲಾಗಿ ನಿಂತಿರುತ್ತಾರೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಸುಮಾರು 76 ಕಿ.ಮೀ. ಉದ್ದದ ಈ ಹಿಮನದಿಯ ಪಶ್ಚಿಮಕ್ಕೆ ಸಾಲ್ಟೊರೊ ಎಂಬ ಪರ್ವತಶ್ರೇಣಿಯಿದೆ. ನಮ್ಮ ಮುಂಚೂಣಿ ಪೋಸ್ಟುಗಳು ಇರುವುದು ಅದರ ನೆತ್ತಿಯ ಮೇಲೆ, 18 ಸಾವಿರದಿಂದ 21 ಸಾವಿರ ಅಡಿಗಳಷ್ಟು ಎತ್ತರದಲ್ಲಿ. 1949ರ ಕರಾಚಿ ಒಪ್ಪಂದದಲ್ಲಿ ಕದನವಿರಾಮ ರೇಖೆಯನ್ನು ಎನ್‌ಜೆ 9842 ಎಂಬ ಬಿಂದುವಿನವರೆಗೆ ಗುರುತಿಸಿ, ಮುಂದಕ್ಕೆ ‘ಉತ್ತರದ ಹಿಮನದಿಗಳ ಕಡೆಗೆ’ ಎಂದಷ್ಟೇ ಬರೆದು ಬಿಟ್ಟರು. ಅಲ್ಲಿ ಮನುಷ್ಯರು ಹೋಗಿ ಕೂರಬಹುದೆಂದು ಬರೆದವರ ಕನಸಿನಲ್ಲೂ ಇರಲಿಲ್ಲವೇನೋ. ಆ ಅರ್ಧಸಾಲಿನ ಬೆಲೆಯನ್ನು ಎರಡೂ ದೇಶಗಳ ಬಡವರ ಮಕ್ಕಳು ತೆರುತ್ತಾ ಬಂದರು. 1984ರ ಏಪ್ರಿಲ್ 13ರಂದು ‘ಆಪರೇಷನ್ ಮೇಘದೂತ’ದಲ್ಲಿ ನಮ್ಮ ಸೇನೆ ಮೊದಲು ಹತ್ತಿ ಕುಳಿತಿತು. ಅಂದಿನಿಂದ ಅಲ್ಲಿ ತೀರಿಕೊಂಡ ನಮ್ಮ ಸೈನಿಕರ ಸಂಖ್ಯೆ ಎಂಟು ನೂರಕ್ಕೂ ಹೆಚ್ಚು. ಅವರಲ್ಲಿ ಹೆಚ್ಚಿನವರನ್ನು ಕೊಂದದ್ದು ಶತ್ರುವಿನ ಗುಂಡಲ್ಲ. ಹಿಮಪಾತ, ಹಿಮದ ಬಿರುಕು, ಚಳಿ ಮತ್ತು ತೆಳುವಾದ ಗಾಳಿ.

ನಮ್ಮ ಪಲ್ಟಣ್ ಅಲ್ಲಿಗೆ ಹೋದದ್ದು 2002ರಲ್ಲಿ. ಕದನವಿರಾಮ ಬಂದದ್ದು 2003ರ ನವೆಂಬರ್‌ನಲ್ಲಿ. ಅದಕ್ಕೆ ಮೊದಲು ಫಿರಂಗಿಯ ಸದ್ದು ಇದ್ದೇ ಇತ್ತು. ನೇರವಾಗಿ ಯಾರನ್ನೂ ಮೇಲಕ್ಕೆ ಕಳಿಸುವುದಿಲ್ಲ. ಎತ್ತರಕ್ಕೆ ಮೈ ಒಗ್ಗಿಸಲು ಮೂರು ಹಂತಗಳಿವೆ: ಮೊದಲು ಆರು ದಿನ, ಆಮೇಲೆ ನಾಲ್ಕು, ಮತ್ತೆ ನಾಲ್ಕು. ಬೇಸ್ ಕ್ಯಾಂಪಿನ ತರಬೇತಿ ಶಾಲೆಯಲ್ಲಿ ಮಂಜುಗಡ್ಡೆಯ ಗೋಡೆ ಹತ್ತುವುದು, ಬಿರುಕಿಗೆ ಬಿದ್ದವನನ್ನು ಹಗ್ಗದಿಂದ ಎಳೆಯುವುದು ಕಲಿಸುತ್ತಾರೆ. ಹೊಲದ ಒಡ್ಡು, ಕೆರೆಯ ಏರಿ ಬಿಟ್ಟು ಬೇರೆ ಎತ್ತರ ಕಾಣದ ನನ್ನಂಥವನಿಗೆ ಅದು ಮತ್ತೊಮ್ಮೆ ನಡಿಗೆ ಕಲಿತಂತೆ. ಒಂದು ಹಗ್ಗಕ್ಕೆ ಹಲವರನ್ನು ಕಟ್ಟಿಕೊಂಡು ರಾತ್ರಿ ಎರಡು ಗಂಟೆಗೆ ಹೊರಡುತ್ತಿದ್ದೆವು. ಬಿಸಿಲೇರಿದರೆ ಹಿಮ ಮೆತ್ತಗಾಗಿ ಬಿರುಕುಗಳ ಬಾಯಿ ತೆರೆದುಕೊಳ್ಳುತ್ತದೆ. ಮುಂದಿನವನು ಕೋಲಿನಿಂದ ಚುಚ್ಚಿ ನೋಡಿದ ಜಾಗದಲ್ಲೇ ಹಿಂದಿನವನು ಹೆಜ್ಜೆ ಇಡಬೇಕು. ಅಲ್ಲಿ ಅವಸರ ಮಾಡಿದವನು ಶೂರನಲ್ಲ, ಉಳಿದವರಿಗೂ ಅಪಾಯ.

ಈಗ ಬೂಟಿನ ಮಾತಿಗೆ ಬರುತ್ತೇನೆ. ಬೂಟು ಬಿಗಿಯಾದರೆ ಬೆರಳುಗಳಿಗೆ ರಕ್ತ ಹರಿಯುವುದು ನಿಲ್ಲುತ್ತದೆ. ಸಡಿಲವಾದರೆ ಅಡಿಗೆ ಕಟ್ಟಿದ ಮುಳ್ಳುಚೌಕಟ್ಟು ಮಂಜುಗಡ್ಡೆಯಲ್ಲಿ ಸರಿಯಾಗಿ ಕಚ್ಚುವುದಿಲ್ಲ, ಗುಳ್ಳೆ ಏಳುತ್ತದೆ. ಹೊರಗಿನ ನೀರಿಗಿಂತ ಒಳಗಿನ ಬೆವರು ಕೆಟ್ಟದ್ದು. ನಡೆದು ಬಂದು ಕುಳಿತ ಕೂಡಲೇ ಅದೇ ಬೆವರು ಹೆಪ್ಪುಗಟ್ಟುತ್ತದೆ. ಹಾಗಾಗಿ ಪೋಸ್ಟಿನಲ್ಲಿ ಸಂಜೆಯ ಹಾಜರಿಗಿಂತ ದೊಡ್ಡ ಶಿಸ್ತು ಕಾಲು ತಪಾಸಣೆ. ‘ಜುರಾಬ್ ಉತಾರೋ’ ಎಂದು ಹುಕುಂ ಬರುತ್ತಿತ್ತು. ಪ್ರತಿಯೊಬ್ಬನಿಗೂ ಒಬ್ಬ ಜೊತೆಗಾರ, ಮಿಲಿಟರಿ ಮಾತಿನಲ್ಲಿ ಬಡ್ಡಿ. ನನ್ನವನು ತಿರುನೆಲ್ವೇಲಿ ಕಡೆಯ ಹುಡುಗ. ನಾನು ಅವನ ಬೆರಳು ಒತ್ತಿ ನೋಡಬೇಕು, ಅವನು ನನ್ನ ಬೆರಳು. ಒತ್ತಿದಲ್ಲಿ ಬಿಳಿಯಾಗಿ, ಬಿಟ್ಟೊಡನೆ ಕೆಂಪಾದರೆ ಕ್ಷೇಮ. ಬಿಳಿಯಾಗಿಯೇ ಉಳಿದರೆ ಸಾಬ್‌ಗೆ ತಿಳಿಸಬೇಕು. ‘ನೋವಿದೆಯಾ?’ ಎಂದು ಕೇಳಿದಾಗ ‘ಇದೆ’ ಎಂಬ ಉತ್ತರ ಬಂದರೆ ಸಮಾಧಾನವಾಗುತ್ತಿತ್ತು. ‘ಏನೂ ಗೊತ್ತಾಗುತ್ತಿಲ್ಲ’ ಎಂದರೆ ಹೆದರಿಕೆ. ಹಿಮ ಕಡಿದ ಬೆರಳು ಮೊದಲು ಮೌನವಾಗುತ್ತದೆ, ಆಮೇಲೆ ಕಪ್ಪಾಗುತ್ತದೆ. ಒದ್ದೆ ಕಾಲುಚೀಲವನ್ನು ಹೊಟ್ಟೆಗೆ ಒತ್ತಿ ಇಟ್ಟುಕೊಂಡು ಮೈಯ ಬಿಸಿಯಲ್ಲೇ ಒಣಗಿಸುವುದನ್ನು ನಮಗೆ ಕಲಿಸಿದವರು ಅಲ್ಲಿ ಹಿಂದೊಮ್ಮೆ ಚಳಿಗಾಲ ಕಳೆದು ಬಂದಿದ್ದ ಹಿರಿಯ ಹವಾಲ್ದಾರರು. ಇದು ಯಾವ ಪುಸ್ತಕದಿಂದಲೂ ಕಲಿಯುವಂಥದ್ದಲ್ಲ.

ಬಂದೂಕಿನ ಕಥೆಯೂ ಅಷ್ಟೇ. ಬಯಲುಸೀಮೆಯಲ್ಲಿ ರೈಫಲ್ಲಿಗೆ ಎಣ್ಣೆ ಹಾಕದವನಿಗೆ ಶಿಕ್ಷೆ. ಅಲ್ಲಿ ಎಣ್ಣೆ ಹೆಚ್ಚಾದರೆ ಅದೇ ಗಟ್ಟಿಯಾಗಿ ಕೀಲುಗಳು ಕದಲುವುದಿಲ್ಲ. ಬರಿಗೈಯಲ್ಲಿ ಲೋಹ ಮುಟ್ಟಿದರೆ ಚರ್ಮ ಅಂಟಿಕೊಂಡು ಕಿತ್ತು ಬರುತ್ತದೆ. ದಪ್ಪ ಕೈಗವಸು ತೊಟ್ಟರೆ ಬೆರಳು ಟ್ರಿಗರ್‌ಗೆ ತೂರುವುದಿಲ್ಲ. 1987ರ ಜೂನ್‌ನಲ್ಲಿ ನಾಯಬ್ ಸುಬೇದಾರ್ ಬಾಣಾ ಸಿಂಗ್ ಮತ್ತು ಸಂಗಡಿಗರು ಸುಮಾರು 21 ಸಾವಿರ ಅಡಿ ಎತ್ತರದ ಪಾಕಿಸ್ತಾನಿ ಠಾಣ್ಯವನ್ನು ಗೆದ್ದ ಕಥೆಯನ್ನು ಎಲ್ಲರೂ ಪರಮವೀರ ಚಕ್ರದ ಕಥೆಯಾಗಿ ಹೇಳುತ್ತಾರೆ. ಚಳಿಗೆ ಆಯುಧಗಳು ಕೈಕೊಡುವ ಆ ಜಾಗದಲ್ಲಿ ಅವರು ಗ್ರೆನೇಡು, ಬಯೊನೆಟ್ಟುಗಳಿಂದ ಕೊನೆಯ ಹೋರಾಟ ಮಾಡಿದರು ಎಂಬುದು ನಮ್ಮಂಥವರಿಗೆ ಹೆಚ್ಚು ನೆನಪು. ಆ ಮನುಷ್ಯನ ಎದೆಗಾರಿಕೆಗೆ ನನ್ನ ಸಲಾಮು ಇದೆ. ಆದರೆ ಬಂದೂಕು ಕೈಕೊಟ್ಟಾಗಲೂ ಗೆಲ್ಲಬಲ್ಲವರು ನಮ್ಮಲ್ಲಿದ್ದಾರೆ ಎಂಬ ಹೆಮ್ಮೆ, ಬಂದೂಕು ಕೈಕೊಡದಂತೆ ನೋಡಿಕೊಳ್ಳಬೇಕಾದವರಿಗೆ ವಿನಾಯಿತಿ ಪತ್ರವಾಗಬಾರದು.

ಅಲ್ಲಿ ಮದ್ದುಗುಂಡಿಗಿಂತ ದೊಡ್ಡ ಸಂಪತ್ತು ಸೀಮೆಎಣ್ಣೆ. ಕುಡಿಯುವ ಒಂದು ಲೋಟ ನೀರಿಗೂ ಹಿಮ ಕರಗಿಸಬೇಕು. ಫೈಬರ್ ಗುಡಿಸಲಿನಲ್ಲಿ ಹಗಲೂ ರಾತ್ರಿ ಉರಿಯುವ ಬುಖಾರಿಯ ಮಸಿ ಮೂಗು, ಗಂಟಲು ಸೇರಿ ಉಗುಳೂ ಕಪ್ಪಗೆ ಬರುತ್ತಿತ್ತು. ಆ ಎಣ್ಣೆಯನ್ನು ಹೊತ್ತು ತರುತ್ತಿದ್ದವರಲ್ಲಿ ನುಬ್ರಾ ಕಣಿವೆಯ ಹಮಾಲರಿದ್ದರು: ಬೌದ್ಧ ಲಡಾಖಿಗಳು, ತುರ್ತುಕ್ ಕಡೆಯ ಬಾಲ್ಟಿ ಮುಸಲ್ಮಾನರು. ಸಮವಸ್ತ್ರ ಇಲ್ಲ, ಪದಕ ಇಲ್ಲ, ದಿನಗೂಲಿ. ತುರ್ತುಕ್ ಭಾರತಕ್ಕೆ ಸೇರಿದ್ದೇ 1971ರ ಯುದ್ಧದಲ್ಲಿ. ಗಡಿಯಾಚೆ ಅವರ ಬಂಧುಗಳೇ ಇದ್ದಾರೆ. ಹಿಮದ ಮೇಲಿನ ದಾರಿಯಲ್ಲಿ ಅವರ ಕಣ್ಣನ್ನು ನಾವು ನಕ್ಷೆಗಿಂತ ಹೆಚ್ಚು ನಂಬುತ್ತಿದ್ದೆವು. ಸಿಯಾಚಿನ್ ವೀರಗಾಥೆಗಳಲ್ಲಿ ಅವರಿಗೆ ಒಂದು ಸಾಲು ಸಿಕ್ಕರೆ ಹೆಚ್ಚು.

ಹಸಿವು ಎಂಬುದು ಹೆಸರಿಗೂ ಇರುತ್ತಿರಲಿಲ್ಲ. 18 ಸಾವಿರ ಅಡಿಯಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಊರಿನಲ್ಲಿ ಸಿಗುವುದರ ಅರ್ಧ. ನಿದ್ದೆ ಬರುವುದಿಲ್ಲ, ಊಟ ಕಂಡರೆ ಓಕರಿಕೆ. ಕಿತ್ತಳೆ ಹಣ್ಣು ಕ್ರಿಕೆಟ್ ಚೆಂಡಿನಂತಾಗುತ್ತದೆ. ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ 1961ರಿಂದಲೂ ಸೈನಿಕರಿಗೆ ಕೆಡದ ಊಟ ತಯಾರಿಸುವ ವಿದ್ಯೆಯಲ್ಲಿ ತೊಡಗಿದೆ. ಪೊಟ್ಟಣದ ಮೇಲೆ ಮೈಸೂರಿನ ಹೆಸರು ಓದಿದಾಗ ಖುಷಿಯಾಗುತ್ತಿತ್ತು, ತಿನ್ನಲು ಮಾತ್ರ ಆಗುತ್ತಿರಲಿಲ್ಲ. ನನ್ನ ಗಂಟಲಲ್ಲಿ ಇಳಿದದ್ದು ಅವ್ವ ಕಟ್ಟಿಕೊಟ್ಟಿದ್ದ ಖಡಕ್ ಜೋಳದ ರೊಟ್ಟಿ ಮತ್ತು ಶೇಂಗಾ ಹಿಂಡಿ. ಒಣಗಿದ ರೊಟ್ಟಿಯಲ್ಲಿ ನೀರೇ ಇಲ್ಲದ್ದರಿಂದ ಹೆಪ್ಪುಗಟ್ಟುವ ಪ್ರಶ್ನೆಯೇ ಇಲ್ಲ. ತಮಿಳು ತಂಬಿ ಮೊದಲ ದಿನ ಅದನ್ನು ಹಂಚು ಎಂದು ನಕ್ಕ. ಆಮೇಲೆ ಎಣಿಸಿ ಪಾಲು ಕೇಳತೊಡಗಿದ.

ಮೇಲಿನವರಿಗೂ ಕೆಳಗಿನವರಿಗೂ ಕೊಂಡಿಯಾಗಿದ್ದದ್ದು ಚೀತಾ ಹೆಲಿಕಾಪ್ಟರ್. ಬೆಂಗಳೂರಿನ ಎಚ್‌ಎಎಲ್ 1970ರ ದಶಕದಲ್ಲಿ ಫ್ರೆಂಚ್ ಪರವಾನಗಿಯಲ್ಲಿ ಕಟ್ಟಲು ಶುರು ಮಾಡಿದ ಯಂತ್ರ ಅದು. ಅತಿ ಎತ್ತರದಲ್ಲಿ ಒಂದೆರಡು ಜೆರಿಕ್ಯಾನಿನಷ್ಟು ಭಾರ ತಂದರೆ ಅದೇ ದೊಡ್ಡದು. ರೆಕ್ಕೆ ನಿಲ್ಲಿಸದೆಯೇ ಸಾಮಾನು ಇಳಿಸಿ, ಕಾಯಿಲೆಯವನನ್ನು ಹತ್ತಿಸಿ ಹಾರಿಬಿಡುತ್ತಿತ್ತು. ಶ್ವಾಸಕೋಶದಲ್ಲಿ ನೀರು ತುಂಬುವ ಕಾಯಿಲೆ ಬಂದವನಿಗೆ ಕೆಳಗಿಳಿಯುವುದೇ ಮದ್ದು; ಮೋಡ ಮುಚ್ಚಿ ಹೆಲಿಕಾಪ್ಟರ್ ಬಾರದಿದ್ದರೆ ಗಾಳಿ ತುಂಬಿದ ಚೀಲದೊಳಗೆ ಅವನನ್ನು ಮಲಗಿಸಿ ಕಾಯಬೇಕು. ಈ ಹಳೆಯ ಯಂತ್ರಕ್ಕೆ ಬದಲಿ ತರಲು ಕರೆದ 197 ಹೆಲಿಕಾಪ್ಟರ್‌ಗಳ ಖರೀದಿ 2007ರಲ್ಲಿ ರದ್ದಾಯಿತು. ಮತ್ತೆ ಕರೆದರು; 2014ರಲ್ಲಿ ಅದೂ ರದ್ದಾಯಿತು. ನಮ್ಮ ತುಮಕೂರು ಜಿಲ್ಲೆಯಲ್ಲಿ ಎಚ್‌ಎಎಲ್‌ನ ಹೊಸ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದದ್ದು 2023ರ ಫೆಬ್ರವರಿಯಲ್ಲಿ. ನಡುವಿನ ವರ್ಷಗಳಲ್ಲಿ ಅದೇ ಚೀತಾ, ಅದೇ ಪೈಲಟ್‌ಗಳ ಎದೆಗಾರಿಕೆ.

2016ರ ಫೆಬ್ರವರಿ 3ರಂದು ಸುಮಾರು 19,600 ಅಡಿ ಎತ್ತರದ ಸೋನಮ್ ಪೋಸ್ಟಿನ ಮೇಲೆ ಮಂಜಿನ ಗೋಡೆ ಕುಸಿಯಿತು. ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಹೂತುಹೋದರು. ಆರು ದಿನಗಳ ನಂತರ ಒಬ್ಬರು ಜೀವಂತ ಸಿಕ್ಕರು: ನಮ್ಮ ಕುಂದಗೋಳ ತಾಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಇಡೀ ದೇಶ ಅವರಿಗಾಗಿ ಪ್ರಾರ್ಥಿಸಿತು. ಗುಡಿ, ಮಸೀದಿ, ಚರ್ಚು ಎನ್ನದೆ ಜನ ಕೈಯೆತ್ತಿದರು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಹುಬ್ಬಳ್ಳಿಯಲ್ಲಿ ಅಂತಿಮ ದರ್ಶನಕ್ಕೆ ಜನಸಾಗರ ಸೇರಿತ್ತು. ಆ ಹತ್ತು ಮಂದಿಯಲ್ಲಿ ಹಾಸನ, ಮೈಸೂರು ಕಡೆಯವರೂ ಇದ್ದರು.

ನಾಲ್ಕು ವರ್ಷಗಳ ನಂತರ, 2020ರ ಫೆಬ್ರವರಿಯಲ್ಲಿ, ಮಹಾಲೇಖಪಾಲರ ವರದಿ ಸಂಸತ್ತಿನ ಮುಂದೆ ಬಂತು. ನಾನು ಅದನ್ನು ಪತ್ರಿಕೆಯಲ್ಲಿ ಎರಡು ಸಲ ಓದಿದೆ. ಸಿಯಾಚಿನ್, ಲಡಾಖ್‌ನಂಥ ಎತ್ತರದ ಪ್ರದೇಶಗಳ ಸೈನಿಕರಿಗೆ ಹಿಮಗನ್ನಡಕದ ಕೊರತೆ ಶೇ. 62ರಿಂದ 98ರಷ್ಟು. 2015ರ ನವೆಂಬರ್‌ನಿಂದ 2016ರ ಸೆಪ್ಟೆಂಬರ್‌ವರೆಗೆ ಬಹೂಪಯೋಗಿ ಬೂಟುಗಳ ವಿತರಣೆಯೇ ಇಲ್ಲ. ಇದ್ದ ಹಳೆಯ ಬೂಟುಗಳನ್ನೇ ಸರಿಪಡಿಸಿ ಮತ್ತೆ ಬಳಸಬೇಕಾಯಿತು. ವಿಶೇಷ ಪಡಿತರದಲ್ಲಿ ಒಂದರ ಬದಲು ಇನ್ನೊಂದನ್ನು ಕೊಟ್ಟದ್ದರಿಂದ ಕೆಲವೆಡೆ ಕ್ಯಾಲೊರಿ ಶೇ. 82ರಷ್ಟು ಕಡಿಮೆಯಾಗಿತ್ತು.

ಓದುಗರು ತಿಂಗಳುಗಳನ್ನು ಇನ್ನೊಮ್ಮೆ ಗಮನಿಸಬೇಕು. ಸೋನಮ್ ಪೋಸ್ಟ್ ಕುಸಿದ ಫೆಬ್ರವರಿ ಆ ಹನ್ನೊಂದು ತಿಂಗಳ ನಡುವೆಯೇ ಬರುತ್ತದೆ. ಆ ಹತ್ತು ಮಂದಿ ಬೂಟಿಲ್ಲದೆ ಸತ್ತರೆಂದು ನಾನು ಹೇಳುತ್ತಿಲ್ಲ. ಸಾವಿರಾರು ಟನ್ ಮಂಜಿನ ಮುಂದೆ ಯಾವ ಬೂಟೂ ನಿಲ್ಲದು. ಆದರೆ ದೇಶ ಇಡೀ ಮೊಂಬತ್ತಿ ಹಿಡಿದು ನಿಂತಿದ್ದ ಆ ವಾರದಲ್ಲೇ ಯಾವುದೋ ಕಚೇರಿಯಲ್ಲಿ ಬೂಟಿನ ಕಡತ ಮಲಗಿತ್ತು. ಆಗಿನ ಭೂಸೇನಾ ಮುಖ್ಯಸ್ಥ ಜನರಲ್ ನರವಣೆ, ವರದಿ ಹಳೆಯ ಕಾಲದ್ದು, ಈಗ ಸಿಯಾಚಿನ್‌ಗೆ ಹೋಗುವ ಪ್ರತಿ ಸೈನಿಕನಿಗೆ ಸುಮಾರು ಒಂದು ಲಕ್ಷ ರೂಪಾಯಿಯ ಉಡುಪು ಸಿಗುತ್ತದೆ ಎಂದರು. ಅವರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಲೆಕ್ಕಪತ್ರದಲ್ಲಿ ಹಳೆಯದಾದ ಚಳಿಗಾಲ, ಆ ಚಳಿಗಾಲದಲ್ಲಿ ಬೆರಳು ಕಳೆದುಕೊಂಡವನಿಗೆ ಹಳೆಯದಾಗುವುದಿಲ್ಲ. ವಿಳಂಬಕ್ಕೆ ಯಾರನ್ನು ಹೊಣೆ ಮಾಡಿದರು? ಆ ಪ್ರಶ್ನೆಯನ್ನು ಟಿ.ವಿ.ಯಲ್ಲಿ ಒಂದು ಸಂಜೆಯೂ ಚರ್ಚಿಸಿದ್ದನ್ನು ನಾನು ಕಾಣೆ. ಕೇಳಿದವನನ್ನು ಸೇನೆಯ ವಿರೋಧಿ ಎಂದು ಕರೆಯುವ ಅಭ್ಯಾಸ ಬೇರೆ ಬೆಳೆದಿದೆ. ಸೇನೆಯಲ್ಲಿದ್ದವನಿಗೆ ಇದು ವಿಚಿತ್ರವೆನಿಸುತ್ತದೆ. ಅಲ್ಲಿ ಪ್ರತಿ ತಿಂಗಳು ದರ್ಬಾರ್ ಎಂಬ ಸಭೆಯಲ್ಲಿ ಜವಾನನೇ ಎದ್ದು ನಿಂತು ಕಮಾಂಡಿಂಗ್ ಅಧಿಕಾರಿಯ ಮುಂದೆ ರೇಷನ್, ರಜೆಯ ತಕರಾರು ಹೇಳಬಹುದು.

ಅಲ್ಲಿಂದ ಎರಡೂ ಸೇನೆಗಳು ಇಳಿದು ಬರಬಾರದೇ ಎಂದು ಕೇಳುವವರಿದ್ದಾರೆ. 1989ರಲ್ಲಿ, 1992ರಲ್ಲಿ ಮಾತುಕತೆ ಆ ದಿಕ್ಕಿನಲ್ಲಿ ಸಾಕಷ್ಟು ದೂರ ಹೋಗಿತ್ತು. 1999ರ ಕಾರ್ಗಿಲ್ ಆದ ಮೇಲೆ, ಖಾಲಿ ಬಿಟ್ಟ ಶಿಖರಗಳು ಖಾಲಿಯೇ ಇರುತ್ತವೆಂದು ನಂಬುವ ಸೈನಿಕ ಸಿಗುವುದು ಕಷ್ಟ, ನಾನೂ ನಂಬುವುದಿಲ್ಲ. ಹಾಗೆಂದು 2012ರ ಏಪ್ರಿಲ್‌ನಲ್ಲಿ ಗಯಾರಿಯಲ್ಲಿ ಹಿಮದಡಿ ಹೂತುಹೋದ 140 ಮಂದಿ ಪಾಕಿಸ್ತಾನಿಯರ ಸುದ್ದಿ ಓದಿ ನನಗೆ ಸಂತೋಷವಾಗಲಿಲ್ಲ. ಅವರ ಕಾಲನ್ನೂ ಯಾರೋ ಒಬ್ಬ ಜೊತೆಗಾರ ಸಂಜೆ ಒತ್ತಿ ನೋಡುತ್ತಿದ್ದಿರಬೇಕು.

2022ರ ಜೂನ್‌ನಲ್ಲಿ ಅಗ್ನಿಪಥ ಯೋಜನೆ ಬಂತು. ನಾಲ್ಕು ವರ್ಷದ ಸೇವೆ, ಕೊನೆಗೆ ನೂರರಲ್ಲಿ ಇಪ್ಪತ್ತೈದು ಮಂದಿಯನ್ನಷ್ಟೇ ಉಳಿಸಿಕೊಳ್ಳುವುದು. ಸೇನೆಯ ಸರಾಸರಿ ವಯಸ್ಸು ಇಳಿಯಬೇಕು ಎಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಎತ್ತರಕ್ಕೆ ಎಳೆಯ ಮೈ ಬೇಕು. ಆದರೆ ಒದ್ದೆ ಕಾಲುಚೀಲ ಹೊಟ್ಟೆಗೆ ಒತ್ತಿಕೊಳ್ಳಲು ಕಲಿಸುವ ಹವಾಲ್ದಾರ ನಾಲ್ಕು ವರ್ಷದಲ್ಲಿ ತಯಾರಾಗುವುದಿಲ್ಲ. ನನ್ನ ಆತಂಕ ಅದು. 2023ರ ಅಕ್ಟೋಬರ್‌ನಲ್ಲಿ ಸಿಯಾಚಿನ್‌ನಲ್ಲಿ ಕರ್ತವ್ಯದಲ್ಲಿದ್ದ ಮಹಾರಾಷ್ಟ್ರದ ಅಗ್ನಿವೀರನೊಬ್ಬ ತೀರಿಕೊಂಡ. ನಿಯಮದಂತೆ 48 ಲಕ್ಷದ ವಿಮೆ, 44 ಲಕ್ಷದ ಪರಿಹಾರ ಇತ್ಯಾದಿ ಉಂಟು. ಅದೇ ಪೋಸ್ಟಿನಲ್ಲಿ ಸಾಯುವ ಖಾಯಂ ಸೈನಿಕನ ಮನೆಗೆ ತಿಂಗಳು ತಿಂಗಳು ಬರುವ ಕುಟುಂಬ ಪಿಂಚಣಿ ಅಗ್ನಿವೀರನ ಮನೆಗೆ ಇಲ್ಲ. ಒಂದೇ ಹಗ್ಗಕ್ಕೆ ಕಟ್ಟಿಕೊಂಡು ನಡೆಯುವ ಇಬ್ಬರ ಮನೆಗಳಿಗೆ ಎರಡು ಕಾನೂನು.

ನಮ್ಮೂರಿನ ಹುಡುಗರು ಈಗಲೂ ನಸುಕಿನಲ್ಲಿ ರಸ್ತೆಯ ಮೇಲೆ 1,600 ಮೀಟರ್ ಓಡುತ್ತಾರೆ, ಕೆಲವರು ಬರಿಗಾಲಲ್ಲೇ. ರ್‍ಯಾಲಿಯ ಹಿಂದಿನ ದಿನ ಅವರಲ್ಲೊಬ್ಬನ ತಾಯಿ ಮನೆಗೆ ಬಂದು ಕೇಳಿದಳು. ‘ಅಣ್ಣಾರ, ನಾಲ್ಕು ವರ್ಷ ಆದಮ್ಯಾಲೆ ಏನ್ ಕೊಡ್ತಾರ್ರಿ?’ ಬಡ್ಡಿಯೂ ಸೇರಿ ಸುಮಾರು 11 ಲಕ್ಷ 71 ಸಾವಿರ ಸೇವಾನಿಧಿ, ಅರೆಸೇನಾ ಪಡೆಗಳಲ್ಲಿ ಮೀಸಲು ಎಂದು 2022ರಲ್ಲೇ ಘೋಷಿಸಿದ್ದಾರೆ ಎಂದು ನನಗೆ ತಿಳಿದದ್ದನ್ನು ಹೇಳಿದೆ. ಆಕೆ ಬೆರಳು ಮಡಚಿ ಲೆಕ್ಕ ಹಾಕಿದಳು. ‘ನೂರರಾಗ ಇಪ್ಪತ್ತೈದು ಮಂದಿ ಅಂದ್ರಿ. ನಮ್ಮ ಹುಡುಗ ಉಳದ ಎಪ್ಪತ್ತೈದರಾಗ ಬಂದ್ರ?’ ಎಂದಳು. ಹುಡುಗ ಹೊರಗೆ ಕಟ್ಟೆಯ ಮೇಲೆ ಕುಳಿತು, ಗೆಳೆಯನಿಂದ ಎರವಲು ತಂದಿದ್ದ ಶೂಗಳ ಲೇಸು ಬಿಗಿಯುತ್ತಿದ್ದ.