ಅಟೆನ್‌ಬರೋ: ಊರು ಬಿಟ್ಟು ಹೊರಟ ಹೆಸರು

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದಿಂದ ಡರ್ಬಿಯ ಕಡೆಗೆ ಹೊರಡುವ ರೈಲು ಬೀಸ್ಟನ್ ದಾಟಿದ ಮೇಲೆ ಒಂದು ಪುಟ್ಟ ನಿಲ್ದಾಣ ಸಿಗುತ್ತದೆ. ಫಲಕದ ಮೇಲಿರುವ ಹೆಸರು ಅಟೆನ್‌ಬರೋ. ಹಳಿಯ ಒಂದು ಪಕ್ಕ ಸಾಮಾನ್ಯ ಇಟ್ಟಿಗೆ ಮನೆಗಳ ಬಡಾವಣೆ. ಇನ್ನೊಂದು ಪಕ್ಕ ಹಳೆಯ ಚರ್ಚು, ಅದರಾಚೆಗೆ ಕಣ್ಣು ಹಾಯುವಷ್ಟು ದೂರ ನೀರು, ನಡುನಡುವೆ ಹಸಿರು ದ್ವೀಪಗಳು, ಕೊನೆಗೆ ಟ್ರೆಂಟ್ ನದಿ.

ಈ ಕೆರೆಗಳನ್ನು ನೋಡಲು ಬರುವವರಲ್ಲಿ ಹೆಚ್ಚಿನವರು ಒಂದು ತಪ್ಪು ಕಲ್ಪನೆ ಹೊತ್ತೇ ಬರುತ್ತಾರೆ. ‘ಅಟೆನ್‌ಬರೋ ನಿಸರ್ಗಧಾಮ’ ಎಂಬ ಫಲಕ ಕಂಡೊಡನೆ, ವನ್ಯಜೀವಿ ಚಿತ್ರಗಳ ಮೂಲಕ ಲೋಕವಿಖ್ಯಾತರಾದ ಡೇವಿಡ್ ಅಟೆನ್‌ಬರೋ ಅವರ ಗೌರವಾರ್ಥ ಇಟ್ಟ ಹೆಸರಿದು ಎಂದುಕೊಳ್ಳುತ್ತಾರೆ. ಹಾಗೆ ಅಂದುಕೊಳ್ಳಲು ಕಾರಣವೂ ಇದೆ. 1966ರಲ್ಲಿ ಈ ನಿಸರ್ಗಧಾಮವನ್ನು ಉದ್ಘಾಟಿಸಿದವರು ಸ್ವತಃ ಅವರೇ. ಆದರೆ ನಿಜ ಸಂಗತಿ ತಿರುಗುಮುರುಗು. ಮನುಷ್ಯನಿಂದ ಊರಿಗೆ ಬಂದ ಹೆಸರಲ್ಲ ಇದು, ಊರಿನಿಂದ ಮನುಷ್ಯನಿಗೆ ಹೋದ ಹೆಸರು. ಅದೂ ಸುಮಾರು ಏಳುನೂರು ವರ್ಷಗಳ ಹಿಂದೆ!

ಕೆರೆಗಳೂ ಪ್ರಕೃತಿದತ್ತವಲ್ಲ. ಟ್ರೆಂಟ್ ನದಿ ಸಾವಿರಾರು ವರ್ಷಗಳಿಂದ ತಂದು ಹಾಸಿದ ಮರಳು, ಜಲ್ಲಿಯನ್ನು ಕಟ್ಟಡಗಳಿಗಾಗಿ ಅಗೆಯುವ ಕೆಲಸ ಇಲ್ಲಿ 1929ರಲ್ಲಿ ಆರಂಭವಾಯಿತು. ಅಗೆದು ಬಿಟ್ಟ ಹೊಂಡಗಳಲ್ಲಿ ನೀರು ನಿಂತಿತು, ನೀರಿನ ಸುತ್ತ ಜೊಂಡು ಬೆಳೆಯಿತು, ಜೊಂಡಿಗೆ ಹಕ್ಕಿಗಳು ಬಂದವು. ಈಗ ಮಿಂಚುಳ್ಳಿ, ನೀರುಕಾಗೆ, ಗುಳುಮುಳುಕಗಳ ಜೊತೆಗೆ ಚಳಿಗಾಲದಲ್ಲಿ ಬಿಟರ್ನ್ ಎಂಬ ನಾಚಿಕೆಯ ಕೊಕ್ಕರೆಯೂ ಕಾಣಿಸಿಕೊಳ್ಳುತ್ತದೆ. ದಶಕಗಳ ಕಾಲ ಇದನ್ನು ನೋಡಿಕೊಂಡು ಬಂದ ನಾಟಿಂಗ್‌ಹ್ಯಾಮ್‌ಶೈರ್ ವನ್ಯಜೀವಿ ಟ್ರಸ್ಟ್, 2020ರಲ್ಲಿ ಸಾರ್ವಜನಿಕರ ದೇಣಿಗೆಯ ನೆರವಿನಿಂದ ಜಾಗವನ್ನು ಗಣಿ ಕಂಪನಿಯಿಂದ ಕೊಂಡುಕೊಂಡಿತು. ಕಲ್ಲುಗಣಿ, ಮರಳುಗಣಿಗಳ ಹೊಂಡಗಳನ್ನು ಹಾಗೆಯೇ ಬಿಟ್ಟು ನಡೆಯುವವರು ಒಮ್ಮೆ ಇಲ್ಲಿಗೆ ಬಂದು ನೋಡಬೇಕು.

ಚರ್ಚಿನ ಅಂಗಳದಲ್ಲಿ ಎರಡು ಕಥೆಗಳಿವೆ. ಮೊದಲನೆಯದು ಹೆನ್ರಿ ಐರ್‌ಟನ್‌ನದು. 1611ರಲ್ಲಿ ಈ ಊರಿನಲ್ಲಿ, ಚರ್ಚಿನ ಪಕ್ಕದ ಮನೆಯಲ್ಲಿ ಹುಟ್ಟಿದವನು. ಮುಂದೆ ಆಲಿವರ್ ಕ್ರಾಮ್‌ವೆಲ್‌ನ ಅಳಿಯನಾಗಿ, ಸೇನಾನಿಯಾಗಿ, ದೊರೆ ಒಂದನೇ ಚಾರ್ಲ್ಸ್‌ನ ಮರಣದಂಡನೆಯ ಆಜ್ಞೆಗೆ ಸಹಿ ಹಾಕಿದ. 1651ರಲ್ಲಿ ಐರ್‌ಲೆಂಡಿನಲ್ಲಿ ಸತ್ತ. ರಾಜಪ್ರಭುತ್ವ ಮರಳಿ ಬಂದ ಮೇಲೆ, 1661ರಲ್ಲಿ, ಅವನ ಶವವನ್ನು ಗೋರಿಯಿಂದ ಹೊರತೆಗೆದು ಗಲ್ಲಿಗೇರಿಸಿದರು!

ಎರಡನೆಯದು ದುಃಖದ್ದು. ಪಕ್ಕದ ಚಿಲ್‌ವೆಲ್‌ನಲ್ಲಿ ಮೊದಲ ಮಹಾಯುದ್ಧದ ಕಾಲದಲ್ಲಿ ಫಿರಂಗಿ ಗುಂಡುಗಳಿಗೆ ಮದ್ದು ತುಂಬುವ ದೊಡ್ಡ ಕಾರ್ಖಾನೆಯಿತ್ತು. 1918ರ ಜುಲೈ 1ರಂದು ಅದು ಸ್ಫೋಟಿಸಿ 134 ಮಂದಿ ಕಾರ್ಮಿಕರು ಸತ್ತರು. ಅವರಲ್ಲಿ ಗುರುತು ಹಿಡಿಯಲು ಸಾಧ್ಯವಾದದ್ದು 32 ದೇಹಗಳನ್ನು ಮಾತ್ರ. ಉಳಿದವರನ್ನು ಇದೇ ಚರ್ಚಿನ ಅಂಗಳದಲ್ಲಿ ಸಾಮೂಹಿಕವಾಗಿ ಮಣ್ಣು ಮಾಡಲಾಯಿತು. ಡಿಎನ್‌ಎ ಎಂಬ ಮೂರಕ್ಷರದಿಂದ ಒಂದು ಚೂರು ಮೂಳೆಯ ಯಜಮಾನನನ್ನೂ ಪತ್ತೆ ಹಚ್ಚುವ ವಿದ್ಯೆ ಬರಲು ಇನ್ನೂ 66 ವರ್ಷ ಬಾಕಿ ಇತ್ತು. ಆ ವಿದ್ಯೆ ಹುಟ್ಟಿದ್ದು ಇಲ್ಲಿಂದ ತೀರಾ ದೂರವೇನಲ್ಲದ ಲೆಸ್ಟರ್ ನಗರದಲ್ಲಿ ಎಂಬುದನ್ನು ಸದ್ಯಕ್ಕೆ ನೆನಪಿಟ್ಟುಕೊಂಡರೆ ಸಾಕು.

ಇನ್ನು ಹೆಸರಿಗೆ ಬರೋಣ. ಹಳೆಯ ಇಂಗ್ಲಿಷಿನಲ್ಲಿ ‘ಬುರ್ಹ್’ ಎಂದರೆ ಕೋಟೆ, ಕೋಟೆ ಕಟ್ಟಿದ ನೆಲೆ. ನಮ್ಮಲ್ಲಿ ಬಾಗಲಕೋಟೆ, ಹೊಸಕೋಟೆ ಇದ್ದಂತೆ. ಪೀಟರ್‌ಬರೋ, ಕ್ಯಾಂಟರ್‌ಬರಿ, ಎಡಿನ್‌ಬರೋ ಹೆಸರುಗಳ ಬಾಲದಲ್ಲಿರುವುದು ಇದೇ ಶಬ್ದದ ಬೇರೆ ಬೇರೆ ರೂಪಗಳು. ಅದರ ಹಿಂದೆ ಒಬ್ಬ ಮನುಷ್ಯನ ಹೆಸರು ಸೇರಿ ‘ಇಂಥವನ ಕೋಟೆ’ ಎಂಬ ಅರ್ಥದಲ್ಲಿ ಅಟೆನ್‌ಬರೋ ಆಗಿದೆ ಎಂಬುದು ಸ್ಥಳನಾಮ ತಜ್ಞರ ವಿವರಣೆ. ಆ ಪುಣ್ಯಾತ್ಮ ಯಾರು, ಅವನ ಕೋಟೆ ಎಂಥದು? ಹೆಸರೊಂದನ್ನು ಬಿಟ್ಟರೆ ಅವನ ಬೇರಾವ ಕುರುಹೂ ಉಳಿದಿಲ್ಲ.

ಊರಿನ ಹೆಸರು ಅಡ್ಡಹೆಸರಾದದ್ದು ಹೇಗೆ? ಕ್ರಿ.ಶ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆಲ್ಲುವ ಮುನ್ನ ಅಲ್ಲಿನ ಜನರಿಗೆ ವಂಶಪಾರಂಪರ್ಯದ ಅಡ್ಡಹೆಸರು ಇರಲಿಲ್ಲ. ಜಮೀನಿನ ಹಕ್ಕು ತಂದೆಯಿಂದ ಮಗನಿಗೆ ಹೋಗುವಾಗ ಹೆಸರೂ ಜೊತೆಗೆ ಹೋಗುವ ಪದ್ಧತಿ ಮೊದಲು ಶ್ರೀಮಂತರಲ್ಲಿ ಬಂತು, ಆಮೇಲೆ ಸಾಮಾನ್ಯರಲ್ಲಿ. ತೆರಿಗೆ ಲೆಕ್ಕ ಬರೆಯುವ ಗುಮಾಸ್ತರಿಗೂ ಒಂದೇ ಊರಿನ ಹತ್ತು ಮಂದಿ ‘ಜಾನ್’ಗಳನ್ನು ಬೇರೆ ಬೇರೆಯಾಗಿ ಗುರುತಿಸಬೇಕಿತ್ತಲ್ಲ! ಸುಮಾರು 1400ರ ಹೊತ್ತಿಗೆ ದಕ್ಷಿಣ ಮತ್ತು ಮಧ್ಯ ಇಂಗ್ಲೆಂಡಿನಲ್ಲಿ ಹೆಚ್ಚಿನವರಿಗೆ ಅಡ್ಡಹೆಸರು ಅಂಟಿಕೊಂಡಿತ್ತು. ಕಮ್ಮಾರ ‘ಸ್ಮಿತ್’ ಆದ, ಜಾನನ ಮಗ ‘ಜಾನ್ಸನ್’ ಆದ, ಕುಳ್ಳನೊಬ್ಬ ‘ಶಾರ್ಟ್’ ಆದ, ಬೇರೆ ಊರಿನಿಂದ ಬಂದವನು ಆ ಊರಿನ ಹೆಸರಿನವನೇ ಆದ. ಕಂಬಾರ, ಬಡಿಗೇರ, ಪತ್ತಾರ ಎಂಬ ಮನೆತನದ ಹೆಸರುಗಳನ್ನೂ, ಊರಿನ ಹೆಸರನ್ನೇ ಅಡ್ಡಹೆಸರಾಗಿ ಹೊತ್ತವರನ್ನೂ ಕಂಡಿರುವ ಉತ್ತರ ಕರ್ನಾಟಕದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಲ್ಲೊಂದು ಸ್ವಾರಸ್ಯ ಗಮನಿಸಬೇಕು. ಹುಬ್ಬಳ್ಳಿಯಲ್ಲೇ ಇರುವವನನ್ನು ‘ಹುಬ್ಬಳ್ಳಿಯವ’ ಎಂದು ಹುಬ್ಬಳ್ಳಿಯ ಜನ ಕರೆಯುವುದಿಲ್ಲ. ಹಾಗೆ ಕರೆಸಿಕೊಳ್ಳಬೇಕಾದರೆ ಅವನು ಊರು ಬಿಟ್ಟು ಬೇರೆಡೆ ನೆಲೆಸಬೇಕು. ಅಟೆನ್‌ಬರೋ ಅಡ್ಡಹೆಸರೂ ಹಾಗೆಯೇ, ಊರು ಬಿಟ್ಟವರಿಗೆ ಸಿಕ್ಕ ಹೆಸರು. ಊರು ಚಿಕ್ಕದು. ಅಲ್ಲಿಂದ ಹೊರಟವರೂ ಕಡಿಮೆ. ಆದ್ದರಿಂದಲೇ ಈ ಅಡ್ಡಹೆಸರು ಅಪರೂಪದ್ದು.

ಇಷ್ಟಕ್ಕೇ ಮುಗಿಯಲಿಲ್ಲ. ನಿಘಂಟುಕಾರರು ಇನ್ನೊಂದು ಸಾಧ್ಯತೆಯನ್ನೂ ಹೇಳುತ್ತಾರೆ. ಮಧ್ಯಕಾಲದ ಇಂಗ್ಲಿಷಿನಲ್ಲಿ ‘ಅಟೆನ್’ ಎಂದರೆ ‘...ರ ಬಳಿಯ’ ಎಂದು ಅರ್ಥ. ‘ಅಟೆನ್ ಆಶ್’, ಅಂದರೆ ಆಶ್ ಮರದ ಬಳಿಯವನು, ಸವೆದು ಸವೆದು ‘ನ್ಯಾಶ್’ ಆಗಿದ್ದಾನೆ. ಹಾಗೆಯೇ ‘ಅಟೆನ್ ಬರೋ’ ಎಂದರೆ ಕೋಟೆಯ ಬಳಿಯವನು ಎಂದಾಗಬಹುದು. ಇದು ನಿಜವಾದರೆ ಯಾವ ಕೋಟೆಯ ಬಳಿ ಇದ್ದವನಿಗೂ ಈ ಹೆಸರು ಬಂದಿರಬಹುದು. ಇಂಗ್ಲೆಂಡಿನ ಮೂಲೆ ಮೂಲೆಯಲ್ಲಿ ಒಬ್ಬರಿಗೊಬ್ಬರು ಸಂಬಂಧವಿಲ್ಲದ ಅಟೆನ್‌ಬರೋಗಳು ಹುಟ್ಟಿರಬೇಕು. ಈ ಎರಡರಲ್ಲಿ ಯಾವುದು ಸರಿ?

ಒಂದು ಉತ್ತರ ಭೂಪಟದಲ್ಲಿದೆ. 1881ರ ಬ್ರಿಟಿಷ್ ಜನಗಣತಿಯ ಪೂರ್ತಿ ಹೆಸರುಪಟ್ಟಿ ಸಂಶೋಧಕರಿಗೆ ಲಭ್ಯವಿದ್ದು, ಯಾವ ಅಡ್ಡಹೆಸರು ಎಲ್ಲಿ ದಟ್ಟವಾಗಿತ್ತು ಎಂದು ಅದರಿಂದ ನಕ್ಷೆ ಬಿಡಿಸಬಹುದು. ಸ್ಮಿತ್‌ಗಳು ದೇಶವಿಡೀ ಹರಡಿದ್ದರೆ, ಅಟೆನ್‌ಬರೋಗಳು ಮುಖ್ಯವಾಗಿ ಸಿಗುವುದು ನಾಟಿಂಗ್‌ಹ್ಯಾಮ್‌ಶೈರ್, ಡರ್ಬಿಶೈರ್ ಮತ್ತು ಸುತ್ತಲಿನ ಜಿಲ್ಲೆಗಳಲ್ಲಿ. ಐದು ಶತಮಾನ ಕಳೆದರೂ ಹೆಸರು ಹುಟ್ಟೂರಿನ ನೆರೆಯಲ್ಲೇ ಉಳಿದಿತ್ತು! ಕೆಲವರು ಲಂಡನ್ ಸೇರಿದ್ದರು. 19ನೇ ಶತಮಾನದಲ್ಲಿ ಅಲ್ಲಿನ ಗಿರವಿ ಅಂಗಡಿಗಳ ಫಲಕದ ಮೇಲೆ ಈ ಹೆಸರು ಚಿರಪರಿಚಿತವಾಗಿತ್ತು.

ಎರಡನೆಯ ಉತ್ತರ ರಕ್ತದಲ್ಲಿದೆ. ಮನುಷ್ಯನ ಜೀವಕೋಶದಲ್ಲಿ 23 ಜೊತೆ ವರ್ಣತಂತುಗಳಿವೆಯೆಂದು ಹೈಸ್ಕೂಲು ವಿದ್ಯಾರ್ಥಿಗಳಿಗೆಲ್ಲ ಗೊತ್ತು. ಅವುಗಳಲ್ಲಿ ‘ವೈ’ ವರ್ಣತಂತು ಗಂಡಸರಲ್ಲಿ ಮಾತ್ರ ಇದ್ದು, ತಂದೆಯಿಂದ ಮಗನಿಗೆ ಬಹುಮಟ್ಟಿಗೆ ಹಾಗೇ ದಾಟುತ್ತದೆ. ಇಂಗ್ಲೆಂಡಿನಲ್ಲಿ ಅಡ್ಡಹೆಸರು ಸಾಗುವುದೂ ತಂದೆಯಿಂದ ಮಗನಿಗೇ. ಅಂದಮೇಲೆ ಒಂದೇ ಅಡ್ಡಹೆಸರಿನವರ ವೈ ವರ್ಣತಂತುವೂ ಒಂದೇ ಬಗೆಯದಾಗಿರಬೇಕಲ್ಲವೇ?

ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಲೆಸ್ಟರ್ ವಿಶ್ವವಿದ್ಯಾಲಯದ ತೂರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್. 1984ರಲ್ಲಿ ಅಲೆಕ್ ಜೆಫ್ರೀಸ್ ಡಿಎನ್‌ಎ ಬೆರಳಚ್ಚನ್ನು ಕಂಡುಹಿಡಿದದ್ದು ಇದೇ ವಿಶ್ವವಿದ್ಯಾಲಯದಲ್ಲಿ. 40 ಅಡ್ಡಹೆಸರುಗಳ ಸುಮಾರು 1700 ಗಂಡಸರನ್ನು ಪರೀಕ್ಷಿಸಿ ಇವರು 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಸ್ಮಿತ್‌ನಂಥ ಸಾಮಾನ್ಯ ಹೆಸರಿನವರಲ್ಲಿ ಯಾವ ಹೋಲಿಕೆಯೂ ಇರಲಿಲ್ಲ. ಊರಿಗೊಬ್ಬ ಕಮ್ಮಾರನಿದ್ದ ಮೇಲೆ ಇದ್ದೀತಾದರೂ ಹೇಗೆ? ಆದರೆ ಅಟೆನ್‌ಬರೋ, ಸ್ವಿಂಡಲ್‌ಹರ್ಸ್ಟ್ ಮೊದಲಾದ ಅಪರೂಪದ ಹೆಸರಿನವರಲ್ಲಿ ಶೇಕಡಾ 70ಕ್ಕೂ ಹೆಚ್ಚು ಮಂದಿಯ ವೈ ವರ್ಣತಂತು ಒಂದೇ ಬಗೆಯದು ಅಥವಾ ಬಹಳ ಹತ್ತಿರದ್ದು! ಎಲ್ಲೆಲ್ಲೋ ಇರುವ, ಒಬ್ಬರ ಮುಖ ಒಬ್ಬರು ನೋಡಿರದ ಇವರಲ್ಲಿ ಬಹುತೇಕರು ಒಬ್ಬನೇ ಮೂಲಪುರುಷನ ಮಕ್ಕಳು.

ಹಾಗಾದರೆ ಊರು ಬಿಟ್ಟವನು ಒಬ್ಬನೇ ಒಬ್ಬನೇ? ಹಾಗೆಂದು ಹೇಳಿಬಿಡುವುದು ಅವಸರದ ತೀರ್ಮಾನವಾಗುತ್ತದೆ. ಇದನ್ನು ಅರಿಯಲು 1873ಕ್ಕೆ ಹೋಗಬೇಕು. ಚಾರ್ಲ್ಸ್ ಡಾರ್ವಿನ್ನನ ಸಂಬಂಧಿ ಫ್ರಾನ್ಸಿಸ್ ಗಾಲ್ಟನ್ ಆಗ ಒಂದು ಲೆಕ್ಕ ಮುಂದಿಟ್ಟ. ಹೆಸರಾಂತ ಮನೆತನಗಳು ಅಳಿದುಹೋಗುತ್ತಿವೆಯೆಂದು ಜನ ಮರುಗುತ್ತಾರಲ್ಲ, ಅದಕ್ಕೆ ಕಾರಣ ಅವರ ದೌರ್ಬಲ್ಯವೋ, ಬರಿಯ ಆಕಸ್ಮಿಕವೋ? ಹೆನ್ರಿ ವಾಟ್ಸನ್ ಎಂಬ ಪಾದ್ರಿ-ಗಣಿತಜ್ಞ ಲೆಕ್ಕ ಮಾಡಿದ. ಒಬ್ಬನಿಗೆ ಮೂವರು ಗಂಡುಮಕ್ಕಳು, ಇನ್ನೊಬ್ಬನಿಗೆ ಒಬ್ಬ, ಮತ್ತೊಬ್ಬನಿಗೆ ಬರಿಯ ಹೆಣ್ಣುಮಕ್ಕಳು. ಮೂರನೆಯವನ ರಕ್ತ ಮುಂದುವರಿದರೂ ಹೆಸರು ಅಲ್ಲಿಗೇ ನಿಂತಿತು. ಸರಾಸರಿ ಒಬ್ಬನಿಗೆ ಒಬ್ಬನೇ ಗಂಡುಮಗ ಎಂದಾದರೆ, ಯಾವ ಹೆಸರೇ ಆಗಲಿ, ಸಾಕಷ್ಟು ತಲೆಮಾರು ಕಳೆದರೆ ಅಳಿಯುವುದು ಖಂಡಿತ. (ಸರಾಸರಿ ಎಷ್ಟೇ ಇದ್ದರೂ ಎಲ್ಲ ಹೆಸರುಗಳೂ ಅಳಿಯುತ್ತವೆ ಎಂದ ವಾಟ್ಸನ್ ಮಾತ್ರ ಲೆಕ್ಕದಲ್ಲಿ ಎಡವಿದ್ದ.) ಅಡ್ಡಹೆಸರಿಗೆಂದು ಹುಟ್ಟಿದ ಈ ಗಣಿತವೇ ಮುಂದೆ ಪರಮಾಣು ಬಾಂಬಿನ ಸರಪಳಿ ಕ್ರಿಯೆಯಲ್ಲಿ ನ್ಯೂಟ್ರಾನುಗಳು ಹೇಗೆ ಹೆಚ್ಚುತ್ತವೆ ಎಂಬುದರ ಲೆಕ್ಕಕ್ಕೂ ಒದಗಿತು. ಗಣಿತದ ಪಾಠ ಯಾವ ಕಾಲಕ್ಕೆ ಎಲ್ಲಿ ಉಪಯೋಗಕ್ಕೆ ಬಂದೀತೆಂದು ಹೇಳುವಂತಿಲ್ಲ!

ಇದರ ಮೇಲೆ 1348-49ರ ಮಹಾಮಾರಿ ಪ್ಲೇಗು ಇಂಗ್ಲೆಂಡಿನ ಮೂರರಲ್ಲಿ ಒಂದು ಪಾಲಿಗೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಅಡ್ಡಹೆಸರುಗಳು ಇನ್ನೂ ಎಳಸಾಗಿದ್ದ ಕಾಲವದು. ಆದ್ದರಿಂದ ಊರು ಬಿಟ್ಟ ಅಟೆನ್‌ಬರೋಗಳು ನಾಲ್ಕಾರು ಮಂದಿ ಇದ್ದು, ಒಬ್ಬನ ವಂಶ ಮಾತ್ರ ದಂಡಿಯಾಗಿ ಬೆಳೆದು ಉಳಿದವರದು ನಂದಿಹೋಗಿರಲೂಬಹುದು. ಇಂದಿನ ವರ್ಣತಂತು ಹೇಳುವುದು ಉಳಿದವನ ಕಥೆಯನ್ನು ಮಾತ್ರ.

ಹೊಂದದ ಆ ಉಳಿದ ಪಾಲು? ದತ್ತು ಮಕ್ಕಳು, ತಾಯಿಯ ಅಡ್ಡಹೆಸರು ಇಟ್ಟುಕೊಂಡವರು, ಹೆಸರು ಬದಲಿಸಿಕೊಂಡವರು, ಮದುವೆಯಾಚೆ ಹುಟ್ಟಿದವರು, ಹೀಗೆ ಹಲವು ದಾರಿಗಳಿಂದ ರಕ್ತವೂ ಹೆಸರೂ ಬೇರೆಯಾಗುತ್ತವೆ. ಇದು ಬಡವರ ಮನೆಯ ಸಂಗತಿ ಎಂದು ಯಾರೂ ಮೂಗು ಮುರಿಯಬೇಕಿಲ್ಲ. ಲೆಸ್ಟರಿನ ವಾಹನ ನಿಲುಗಡೆಯ ಜಾಗವೊಂದರ ಅಡಿಯಲ್ಲಿ 2012ರಲ್ಲಿ ಸಿಕ್ಕ ಅಸ್ಥಿಪಂಜರವನ್ನು ಪರೀಕ್ಷಿಸಿದವರಲ್ಲಿ ಇದೇ ತೂರಿ ಕಿಂಗ್ ಪ್ರಮುಖರು. ತಾಯಿಯ ಕಡೆಯ ಡಿಎನ್‌ಎ ಹೊಂದಿದ್ದರಿಂದ ಅದು ದೊರೆ ಮೂರನೇ ರಿಚರ್ಡ್‌ನದೆಂದು ಖಚಿತವಾಯಿತು. ಆದರೆ 2014ರಲ್ಲಿ ಪ್ರಕಟವಾದಂತೆ, ವಂಶವೃಕ್ಷದ ಪ್ರಕಾರ ಅವನ ಗಂಡುಸಂತತಿಯ ನೆಂಟರಾಗಬೇಕಿದ್ದವರ ವೈ ವರ್ಣತಂತು ಹೊಂದಲೇ ಇಲ್ಲ! ರಾಜವಂಶದ ಆ ಸರಪಳಿಯಲ್ಲೂ ಎಲ್ಲೋ ಒಂದು ಕೊಂಡಿ ಕಳಚಿತ್ತು.

ಅಂದಹಾಗೆ, ಲೆಸ್ಟರಿಗೂ ಈ ಹೆಸರಿಗೂ ಇನ್ನೊಂದು ನಂಟಿದೆ. 1887ರಲ್ಲಿ ಅಟೆನ್‌ಬರೋ ಗ್ರಾಮಕ್ಕೆ ಕೆಲವೇ ಮೈಲಿ ದೂರದ ಸ್ಟೇಪಲ್‌ಫರ್ಡ್‌ನಲ್ಲಿ ಹುಟ್ಟಿದ ಫ್ರೆಡರಿಕ್ ಅಟೆನ್‌ಬರೋ 1932ರಿಂದ 1951ರವರೆಗೆ ಅಲ್ಲಿನ ಯೂನಿವರ್ಸಿಟಿ ಕಾಲೇಜಿನ ಪ್ರಾಂಶುಪಾಲರಾಗಿದ್ದರು. ಹಳೆಯ ಇಂಗ್ಲಿಷಿನ ವಿದ್ವಾಂಸರು; ಇಂಗ್ಲೆಂಡಿನ ಅತಿ ಹಳೆಯ ದೊರೆಗಳ ಕಾನೂನುಗಳನ್ನು 1922ರಲ್ಲಿ ಸಂಪಾದಿಸಿದವರು. ‘ಬುರ್ಹ್’ ಎಂದರೇನೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ! ಮೂವರು ಗಂಡುಮಕ್ಕಳು ಬೆಳೆದದ್ದು ಕಾಲೇಜಿನ ಆವರಣದಲ್ಲೇ. ಎರಡನೆಯವರು ಡೇವಿಡ್, 1926ರಲ್ಲಿ ಹುಟ್ಟಿದವರು. ಪ್ರಾಣಿಶಾಸ್ತ್ರ ವಿಭಾಗಕ್ಕೆ ನ್ಯೂಟ್ ಎಂಬ ಬಾಲವುಳ್ಳ ಉಭಯಚರಗಳು ಬೇಕಾಗಿವೆಯೆಂದು ತಿಳಿದ ಈ ಹುಡುಗ, ಒಂದಕ್ಕೆ ಮೂರು ಪೆನ್ನಿಯಂತೆ ಹಿಡಿದು ಮಾರಿದನಂತೆ. ಅವು ಸಿಕ್ಕದ್ದು ಆ ವಿಭಾಗದ ಪಕ್ಕದಲ್ಲೇ ಇದ್ದ ಕೊಳದಲ್ಲಿ ಎಂಬ ಗುಟ್ಟನ್ನು ಮಾತ್ರ ಬಿಟ್ಟುಕೊಡಲಿಲ್ಲ.

ಅಣ್ಣ ರಿಚರ್ಡ್ ಅಟೆನ್‌ಬರೋ 1982ರಲ್ಲಿ ‘ಗಾಂಧಿ’ ಚಿತ್ರ ನಿರ್ದೇಶಿಸಿ ಭಾರತದ ಮನೆಮಾತಾದರು, 2014ರಲ್ಲಿ ತೀರಿಕೊಂಡರು. ತಮ್ಮನ ದನಿ ಕರ್ನಾಟಕಕ್ಕೂ ಬಂತು. ಬಂಡೀಪುರ, ನಾಗರಹೊಳೆ, ಪಶ್ಚಿಮ ಘಟ್ಟಗಳ ಜೀವಸಂಪತ್ತನ್ನು ತೋರಿಸುವ 2019ರ ‘ವೈಲ್ಡ್ ಕರ್ನಾಟಕ’ ಸಾಕ್ಷ್ಯಚಿತ್ರದ ಇಂಗ್ಲಿಷ್ ನಿರೂಪಣೆ ಡೇವಿಡ್ ಅವರದು. ಕನ್ನಡದಲ್ಲಿ ರಿಷಬ್ ಶೆಟ್ಟಿ ನಿರೂಪಿಸಿದರು. ಡೇವಿಡ್ ಅವರ ದನಿಗೆ 67ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಉತ್ತಮ ನಿರೂಪಣೆಯ ಗೌರವವೂ ಸಂದಿತು.

ಐದು ಶತಮಾನ ಟ್ರೆಂಟ್ ಕಣಿವೆ ಬಿಟ್ಟು ಹೆಚ್ಚು ಕದಲದ ಹೆಸರು ಈಗ ಲ್ಯಾಟಿನ್ ವೇಷದಲ್ಲಿ ಲೋಕ ಸುತ್ತುತ್ತಿದೆ. ಹೊಸ ಜೀವಿಗಳನ್ನು ಗುರುತಿಸಿದ ವಿಜ್ಞಾನಿಗಳು ಗೌರವದಿಂದ ಅವುಗಳಿಗೆ ಡೇವಿಡ್ ಹೆಸರಿಟ್ಟಿದ್ದಾರೆ. ಫಿಲಿಪ್ಪೀನ್ಸಿನಲ್ಲಿ ಅಟೆನ್‌ಬರೋ ಹೂಜಿಗಿಡವಿದೆ, ಕೇರಳದ ಕರಾವಳಿಯಲ್ಲಿ ಗಂಟಲಚೀಲ ಬೀಸಣಿಗೆಯಂತೆ ಅರಳಿಸುವ ಓತಿಕ್ಯಾತವಿದೆ. ಅಟೆನ್‌ಬರೋಸಾರಸ್ ಎಂಬ ಕಡಲ ಸರೀಸೃಪದ ಮೂಲ ಪಳೆಯುಳಿಕೆ 1940ರಲ್ಲಿ ಬ್ರಿಸ್ಟಲ್ ಮೇಲೆ ಬಿದ್ದ ಬಾಂಬಿಗೆ ನಾಶವಾಗಿ, ಅದರ ಅಚ್ಚುಗಳಷ್ಟೇ ಉಳಿದಿವೆ. ನ್ಯೂಗಿನಿಯ ಸೈಕ್ಲೋಪ್ಸ್ ಬೆಟ್ಟಗಳ ಉದ್ದಮೂತಿಯ ಎಕಿಡ್ನಾ, ಮೊಟ್ಟೆಯಿಡುವ ಸಸ್ತನಿ, 1961ರಲ್ಲಿ ಸಿಕ್ಕ ಒಂದೇ ಒಂದು ಮಾದರಿಯಿಂದ ವಿಜ್ಞಾನಕ್ಕೆ ಪರಿಚಿತ. ಅದಕ್ಕೆ 1998ರಲ್ಲಿ ಈ ಹೆಸರಿಟ್ಟಾಗ ಅದು ಬದುಕಿದೆಯೋ ಇಲ್ಲವೋ ಎಂಬ ಅನುಮಾನವಿತ್ತು. 2023ರಲ್ಲಿ ಆಕ್ಸ್‌ಫರ್ಡ್ ತಂಡವೊಂದು ಆ ಬೆಟ್ಟದ ಕಾಡಿನಲ್ಲಿ ಕ್ಯಾಮೆರಾಗಳನ್ನು ಕಟ್ಟಿ ಬಂತು. ದಂಡಯಾತ್ರೆಯ ಕೊನೆಯ ದಿನ, ನೋಡಲು ಉಳಿದಿದ್ದ ಕೊನೆಯ ಮೆಮೊರಿ ಕಾರ್ಡಿನಲ್ಲಿ ಆ ಪ್ರಾಣಿ ಮೂತಿ ಮುಂದೆ ಮಾಡಿಕೊಂಡು ನಡೆದು ಹೋಗುತ್ತಿತ್ತು.