ಮಾದಪ್ಪನ ಬೆಟ್ಟದ ಕಥಾಶಾಲೆ

ಕೊಳ್ಳೇಗಾಲದಿಂದ ಪೂರ್ವಾಭಿಮುಖವಾಗಿ ಹೊರಟ ದಾರಿಯು ಕಾಮಗೆರೆ, ಹನೂರು, ಕೌದಳ್ಳಿಗಳನ್ನು ದಾಟಿ ತಾಳುಬೆಟ್ಟವನ್ನು ಸೇರುವವರೆಗೆ ಬಹುಮಟ್ಟಿಗೆ ಬಯಲುಸೀಮೆಯ ದಾರಿಯೇ ಆಗಿರುತ್ತದೆ. ತಾಳುಬೆಟ್ಟದಲ್ಲಿ ಬೆಟ್ಟವು ಎದ್ದುನಿಲ್ಲುತ್ತದೆ. ನಡೆದು ಹತ್ತುವ ಭಕ್ತರು ಇಲ್ಲಿ ಕಾಯಿ ಒಡೆದು, ಕರ್ಪೂರ ಹಚ್ಚಿ, “ಉಘೇ ಮಾದಪ್ಪ” ಎಂದು ಕೂಗಿ ಮೊದಲನೆಯ ಮೆಟ್ಟಲನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವರು. ಬಸ್ಸಿನಲ್ಲಿ ಹೋಗುವವರು ತಿರುವುಗಳಿಗೆ ಹೆದರಿ ಮುಂದಿನ ಕಂಬಿಯನ್ನು ಹಿಡಿದುಕೊಳ್ಳುವರು. ಸುತ್ತಲೂ ಬಿದಿರು, ಕುರುಚಲು ಮರಗಳು, ಒಂದರ ಹಿಂದೊಂದು ಮಸುಕಾಗುತ್ತ ಹೋಗುವ ಗುಡ್ಡದ ಸಾಲುಗಳು. ಆನೆಮಲೆ, ಜೇನುಮಲೆ, ಕಾನುಮಲೆ, ಪಚ್ಚೆಮಲೆ, ಪವಳಮಲೆ, ಪೊನ್ನಾಚಿಮಲೆ, ಕೊಂಗುಮಲೆ ಎಂದು ಹಾಡುಗಾರರು ಎಣಿಸುವ ಏಳು ಮಲೆಗಳೂ ಇವೇ; ಎಪ್ಪತ್ತೇಳು ಮಲೆಗಳೆಂದು ಜನರು ಹೇಳುವುದೂ ಇವನ್ನೇ. ಮೈಸೂರಿನಿಂದ ಸುಮಾರು 150 ಕಿಲೋಮೀಟರು ದೂರದಲ್ಲಿರುವ ಈ ಸ್ಥಳವು 1956ರವರೆಗೆ ಕೊಳ್ಳೇಗಾಲದೊಡನೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. 1997ರಿಂದ ಚಾಮರಾಜನಗರ ಜಿಲ್ಲೆಯಲ್ಲಿದೆ.

ದೇವಾಲಯದ ವಿಚಾರವನ್ನು ವಾಚಕರು ಅನೇಕರು ಬಲ್ಲರು. ಬೇಡಗಂಪಣ ವಂಶದವರ ಪೂಜೆ, ಅಮಾವಾಸ್ಯೆಯ ಎಣ್ಣೆಮಜ್ಜನ, ಹುಲಿವಾಹನದ ಉತ್ಸವ, ದೀಪಾವಳಿಯಲ್ಲಿ ಬೇಡಗಂಪಣರ 101 ಮಂದಿ ಹೆಣ್ಣುಮಕ್ಕಳು ತಲೆಯ ಮೇಲೆ ನೀರು ಹೊತ್ತು ತರುವ ಹಾಲರವಿ, ಇವುಗಳನ್ನು ನೋಡಿದವರು ಮರೆಯಲಾರರು. 2023ರಲ್ಲಿ ಅನಾವರಣಗೊಂಡ 108 ಅಡಿಯ ಮೂರ್ತಿಯು ಈಗ ದೂರದಿಂದಲೇ ಕಾಣುತ್ತದೆ. ಆದರೆ ಈ ಬಾರಿ ನಾವು ಬೆಟ್ಟಕ್ಕೆ ಹೋದುದು ಬೇರೊಂದು ನಿಮಿತ್ತದಿಂದ. ನಮ್ಮ ಮಿತ್ರರೊಬ್ಬರು ಅನೇಕ ವರ್ಷಗಳ ಕಾಲ ಚಲಚ್ಚಿತ್ರಗಳಿಗೂ ದೂರದರ್ಶನದ ಧಾರಾವಾಹಿಗಳಿಗೂ ಕಥೆ, ಸಂಭಾಷಣೆಗಳನ್ನು ಬರೆದವರು. ಈಗ ನಗರದ ಒಂದು ಕಲಾ ಕಾಲೇಜಿನಲ್ಲಿ ಚಿತ್ರಕಥೆಯ ರಚನೆಯನ್ನು ಕಲಿಸುತ್ತಿರುವರು. ವರ್ಷಕ್ಕೊಮ್ಮೆ ತಮ್ಮ ಶಿಷ್ಯರನ್ನು ಕರೆದುಕೊಂಡು ಮಾದಪ್ಪನ ಬೆಟ್ಟಕ್ಕೆ ಬರುವುದು ಅವರ ಪದ್ಧತಿ. “ಪುಸ್ತಕದಲ್ಲಿರುವುದನ್ನು ನಾನು ಹೇಳಿಕೊಡಬಲ್ಲೆ. ಪುಸ್ತಕದಲ್ಲಿಲ್ಲದುದಕ್ಕೆ ಇಲ್ಲಿಗೆ ಬರಬೇಕು” ಎಂದು ಅವರು ಹೇಳಿದುದರಿಂದ ನಾವೂ ಜೊತೆಗೂಡಿದೆವು.

ಚಿತ್ರಕಥೆಯೆಂದರೇನೆಂದು ಮನೆಮಂದಿಗೆ ಒಂದೆರಡು ಮಾತಿನಲ್ಲಿ ತಿಳಿಸಬೇಕು. ಕಾದಂಬರಿಕಾರನು “ಅವಳು ದುಃಖಿತಳಾದಳು” ಎಂದು ಬರೆದರೆ ಸಾಕು. ಚಿತ್ರಕಥೆ ಬರೆಯುವವನು ಹಾಗೆ ಬರೆಯಲಾಗದು; ಕಣ್ಣಿಗೆ ಕಾಣುವುದು, ಕಿವಿಗೆ ಕೇಳುವುದು ಇವೆರಡನ್ನು ಮಾತ್ರವೇ ಅವನು ಬರೆಯತಕ್ಕದ್ದು. ಅವಳು ಒಲೆಯ ಮುಂದೆ ಕುಳಿತಿರುವಳು, ಸಾರು ಉಕ್ಕುತ್ತಿದೆ, ಅವಳು ಏಳುವುದಿಲ್ಲ. ಇಷ್ಟನ್ನು ತೋರಿಸಿದರೆ ದುಃಖವನ್ನು ನೋಡುವವರೇ ತಿಳಿದುಕೊಳ್ಳುವರು. ಬರೆದ ಒಂದು ಪುಟವು ತೆರೆಯ ಮೇಲೆ ಸುಮಾರು ಒಂದು ನಿಮಿಷವಾಗುವುದೆಂಬುದು ಈ ಕಸುಬಿನವರ ಲೆಕ್ಕ.

ಈ ವಿದ್ಯೆಗೆ ನಮ್ಮ ನಾಡಿನಲ್ಲಿ ಬಹುಕಾಲ ಶಾಲೆಯಿರಲಿಲ್ಲ. 1934ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ಕ್ಕೆ ಬರೆದ ಬೆಳ್ಳಾವೆ ನರಹರಿಶಾಸ್ತ್ರಿಗಳು ನಾಟಕಕಾರರು. 1954ರ ‘ಬೇಡರ ಕಣ್ಣಪ್ಪ’ವು ಗುಬ್ಬಿ ಕಂಪೆನಿಗಾಗಿ ಜಿ. ವಿ. ಅಯ್ಯರ್ ಅವರು ಬರೆದ ನಾಟಕದಿಂದ ಹುಟ್ಟಿದುದು. ಆ ಚಿತ್ರದ ನಾಯಕರಾದ ರಾಜಕುಮಾರರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರೂ ಅದೇ ಕಂಪೆನಿಯ ಹೆಸರಾಂತ ನಟರು. ಅವರ ಹೆಸರಿನೊಡನೆ ಸೇರಿರುವ ಸಿಂಗಾನಲ್ಲೂರು ಈ ಕೊಳ್ಳೇಗಾಲದ ಸೀಮೆಯದೇ. ಚಿ. ಸದಾಶಿವಯ್ಯನವರ ಕಸುಬು ಅವರ ಮಗ ಚಿ. ಉದಯಶಂಕರರಿಗೆ ಮನೆಯಲ್ಲಿಯೇ ಬಂದಿತು. ಬಲ್ಲವರ ಬಳಿ ಕುಳಿತು, ಅವರು ಬರೆಯುವುದನ್ನೂ ಹೊಡೆದುಹಾಕುವುದನ್ನೂ ನೋಡಿ ಕಲಿಯುವುದೇ ಆಗಿನ ವಿದ್ಯಾಭ್ಯಾಸ.

ಒಂದು ವಿಷಯವು ಗಮನಿಸತಕ್ಕದ್ದು. ಛಾಯಾಗ್ರಹಣವನ್ನೂ ಶಬ್ದಗ್ರಹಣವನ್ನೂ ಕಲಿಸುವ ಸಂಸ್ಥೆಯು ಬೆಂಗಳೂರಿನಲ್ಲಿ 1943ರಷ್ಟು ಹಿಂದೆಯೇ ಆರಂಭವಾಗಿದ್ದಿತು, ವಿ. ಕೆ. ಮೂರ್ತಿಯವರಂತಹ ಛಾಯಾಗ್ರಾಹಕರು ಅಲ್ಲಿ ಓದಿದವರು. ಯಂತ್ರವನ್ನು ಕಲಿಸಬಹುದು, ಕಥೆಯನ್ನು ಕಲಿಸಲಾಗದು ಎಂಬ ಭಾವನೆಯು ಹಿರಿಯರಲ್ಲಿದ್ದಿರಬೇಕು. 1960ರಲ್ಲಿ ಪುಣೆಯ ಚಲಚ್ಚಿತ್ರ ಸಂಸ್ಥೆಯು ಸ್ಥಾಪಿತವಾಗಿ, ‘ಸಂಸ್ಕಾರ’ದ ಚಿತ್ರಕಥೆಯನ್ನು ಬರೆದ ಗಿರೀಶ ಕಾರ್ನಾಡರು 1974–75ರಲ್ಲಿ ಅದರ ನಿರ್ದೇಶಕರಾದರು. ಹೆಗ್ಗೋಡಿನ ನೀನಾಸಮ್ ಸಂಸ್ಥೆಯವರು ಹಳ್ಳಿಯಲ್ಲಿಯೇ ಚಲಚ್ಚಿತ್ರಗಳನ್ನು ತೋರಿಸಿ, ನೋಡುವ ಬಗೆಯನ್ನು ಕಲಿಸಿದರು. ಈಗಲಾದರೋ ಕಲಾ ಕಾಲೇಜುಗಳಲ್ಲಿಯೂ ಚಿತ್ರಕಥೆಯ ತರಗತಿಗಳಿವೆ. ಬರೆದು ಪಳಗಿದವರೇ ಉಪಾಧ್ಯಾಯರಾಗಿರುವರು. ಇದು ಸಂತೋಷದ ವಿಷಯವೇ ಸರಿ. ಆದರೆ ಕಥೆ ಕಟ್ಟುವುದನ್ನು ಕಲಿಸುವ ಶಾಲೆಯೊಂದು ಈ ಬೆಟ್ಟದ ಸುತ್ತಣ ಹಳ್ಳಿಗಳಲ್ಲಿ ತಲೆತಲಾಂತರದಿಂದ ನಡೆದುಬಂದಿದೆಯೆಂಬುದನ್ನು ಬಹಳ ಮಂದಿ ನೆನೆಯುವುದಿಲ್ಲ.

ಆ ಶಾಲೆಯ ಉಪಾಧ್ಯಾಯರು ದೇವರಗುಡ್ಡರು. ಗುರುವಿನಿಂದ ದೀಕ್ಷೆ ಪಡೆದು, ರುದ್ರಾಕ್ಷಿ ಧರಿಸಿ, ಮಾದಪ್ಪನ ಹೆಸರಿನಲ್ಲಿ ಭಿಕ್ಷೆ ಬೇಡುವ ವ್ರತವನ್ನು ಹಿಡಿದವರು. ಎಡಗೈಯಲ್ಲಿ ಬಟ್ಟಲಿನಂತಹ ಕಂಚಿನ ತಾಳ, ಬಲಗೈಯಲ್ಲಿ ದಾರ ಕಟ್ಟಿದ ಚಪ್ಪಟೆಯ ತಾಳ. ಈ ಜೋಡಿಯೇ ಕಂಸಾಳೆ. ಇವರು ಹಾಡುವ ಮಾದೇಶ್ವರನ ಕಾವ್ಯವು ಒಂದು ರಾತ್ರಿಗೆ ಮುಗಿಯುವುದಲ್ಲ. ಪಿ. ಕೆ. ರಾಜಶೇಖರ ಅವರು ಅದನ್ನು ಸಂಗ್ರಹಿಸಿ 1973ರಲ್ಲಿ ಪ್ರಕಟಿಸಿದರು. ಹೆಬ್ಬಣಿ ಮಾದಯ್ಯನವರೂ ಅವರ ಮೇಳದವರೂ ಹಾಡಿದ ಪಾಠವನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯವು 1997ರಲ್ಲಿ ಹೊರತಂದಿತು. 2001ರಲ್ಲಿ ಅದು ಇಂಗ್ಲಿಷಿಗೂ ಹೋಯಿತು.

ಕಾವ್ಯವು ‘ಸಾಲು’ಗಳಾಗಿ ವಿಂಗಡವಾಗಿದೆ. ಬಾಲಕ ಮಾದೇಶ್ವರನು ಸುತ್ತೂರು ಮಠದಲ್ಲಿ ರಾಗಿ ಬೀಸಿದುದು, ಕುಂತೂರು ಮಠಕ್ಕೆ ಬಂದುದು, ದೇವತೆಗಳನ್ನು ಸೆರೆಯಲ್ಲಿಟ್ಟ ಶ್ರವಣದೊರೆಯನ್ನು ಕೊಂದುದು, ಜುಂಜೇಗೌಡನ ಸಾಲು, ಸರಗೂರಯ್ಯನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಸಂಕಮ್ಮನ ಸಾಲು ಎಂದು ಮುಂತಾಗಿ. ಪ್ರತಿಯೊಂದು ಸಾಲೂ ತನ್ನಷ್ಟಕ್ಕೆ ತಾನು ಒಂದು ಕಥೆ. ಎಲ್ಲವೂ ಕೂಡಿದರೆ ಒಂದು ಮಹಾಕಥೆ. ನಮ್ಮ ಮಿತ್ರರು ಶಿಷ್ಯರ ಕಡೆ ತಿರುಗಿ, “ಧಾರಾವಾಹಿಯ ಕಂತುಗಳನ್ನು ಕಟ್ಟುವ ರೀತಿಯೂ ಇದೇ ಅಲ್ಲವೇ?” ಎಂದರು.

ಸಂಜೆಯ ಹೊತ್ತು ದೇವಾಲಯದಿಂದ ಸ್ವಲ್ಪ ದೂರದ ಒಂದು ಜಗುಲಿಯ ಮೇಲೆ ವೃದ್ಧರಾದ ಗುಡ್ಡರೊಬ್ಬರು ಇಬ್ಬರು ಹುಡುಗರಿಗೆ ಸಂಕಮ್ಮನ ಸಾಲನ್ನು ಹೇಳಿಕೊಡುತ್ತಿದ್ದರು. ಕಾಡಿಗೆ ಹೊರಟ ಗಂಡ ನೀಲೇಗೌಡನು, ತಾನಿಲ್ಲದಾಗ ಕೆಟ್ಟು ನಡೆಯುವುದಿಲ್ಲವೆಂದು ಭಾಷೆ ಕೊಡಬೇಕೆಂದು ಹೆಂಡತಿಯನ್ನು ಪೀಡಿಸುವನು. ಸಂಕಮ್ಮನು ಕೊಡಲೊಲ್ಲಳು. ಅವಳನ್ನು ಹಿಂಸಿಸಿ, ಕಟ್ಟಿ, ಒಂಟಿಯಾಗಿ ಬಿಟ್ಟು ಅವನು ಹೊರಟುಹೋಗುವನು. ಅವಳ ಮೊರೆಗೆ ಮಾದಪ್ಪನು ಬಂದು ಬಿಡಿಸಿ, ಕಾರಯ್ಯ ಬಿಲ್ಲಯ್ಯರೆಂಬ ಇಬ್ಬರು ಮಕ್ಕಳನ್ನು ಕರುಣಿಸುವನು. ಕಥೆಯು ಸಂಕಮ್ಮನು ಒಂಟಿಯಾದ ಸ್ಥಳಕ್ಕೆ ಬಂದಾಗ ಹುಡುಗನು ಉತ್ಸಾಹದಿಂದ ಕಂಸಾಳೆಯನ್ನು ಇನ್ನೂ ಜೋರಾಗಿ ಬಾರಿಸಿದನು. ವೃದ್ಧರು ಅವನ ಕೈಯನ್ನು ಹಿಡಿದುಕೊಂಡರು.

“ತಾಳ ನಿಲ್ಸು ಮಗ. ಕಾಡ್ನಲ್ಲಿ ಆ ತಾಯಿ ಒಬ್ಬಳೇ ಅವಳೆ. ನೀ ಕುಟ್ತಾನೇ ಇದ್ರೆ ಅವಳ ಅಳ ಕೇಳೋರ್ಯಾರು?”

ಹುಡುಗನು ಎರಡನೆಯ ಸಲ ಹಾಡಿ, ಆ ಸ್ಥಳದಲ್ಲಿ ತಾಳವನ್ನು ನಿಲ್ಲಿಸಿದನು. ಜಗುಲಿಯ ಸುತ್ತ ನಿಂತಿದ್ದವರೆಲ್ಲರೂ ಸುಮ್ಮನಾದರು. ನಮ್ಮ ಮಿತ್ರರು ಮೆಲ್ಲನೆ, “ಇದನ್ನು ಹೇಳುವುದಕ್ಕೆ ನನಗೆ ಮೂರು ತರಗತಿಗಳು ಬೇಕು” ಎಂದರು.

ಕಾಲೇಜಿನ ಹುಡುಗಿಯೊಬ್ಬಳು ಪುಸ್ತಕ ಪೆನ್ಸಿಲುಗಳೊಡನೆ ಮುಂದೆ ಬಂದು, “ತಾತ, ಒಂದು ಕಡೆ ಎಷ್ಟು ಹೊತ್ತು ನಿಲ್ಲಬೇಕು, ಎಲ್ಲಿ ಬೇಗ ಸಾಗಬೇಕು ಅನ್ನೋದು ನಿಮಗೆ ಹೇಗೆ ಗೊತ್ತಾಗುತ್ತೆ?” ಎಂದು ಕೇಳಿದಳು.

“ಎದುರಿಗೆ ಕುಂತವ್ರ ಮೊಕ ನೋಡವ್ವ. ಮಕ್ಕಳು ತೂಕಡಿಸಿದ್ರೆ ಬೇಗ ಸಾಗು. ಹೆಂಗಸ್ರು ಸೆರಗ ಕಣ್ಗೆ ಒತ್ಕಂಡ್ರೆ ಅಲ್ಲೇ ಕುಂತ್ಕೊ” ಎಂದು ಅವರು ನಕ್ಕರು.

ಈ ಮಾತಿನಲ್ಲಿ ಎರಡು ಶಾಲೆಗಳ ಅಂತರವೂ ಇದೆ, ನಂಟೂ ಇದೆ. ಗುಡ್ಡರ ಶಿಷ್ಯನು ಹೇಳಿದ ಕಥೆಗೆ ಕೇಳುಗನ ಮುಖವು ಆ ಕ್ಷಣವೇ ಬೆಲೆ ಕಟ್ಟುವುದು. ಚಿತ್ರಕಥೆ ಬರೆಯುವವನಾದರೋ ನೋಡುಗನನ್ನು ಕಾಣದೆಯೇ ಬರೆಯಬೇಕು. ಅವನ ತಪ್ಪು ತಿಳಿಯುವ ಹೊತ್ತಿಗೆ ಹಣವೂ ಕಾಲವೂ ವೆಚ್ಚವಾಗಿರುತ್ತವೆ. ಆದುದರಿಂದಲೇ ಅನುಭವಶಾಲಿಯಾದ ಉಪಾಧ್ಯಾಯನು ಬೇಕು: ಅವನೇ ಶಿಷ್ಯನಿಗೆ ಮೊದಲನೆಯ ಕೇಳುಗ. ಮರುದಿನ ಬೆಳಗ್ಗೆ ಮಿತ್ರರು ಕಾಗದವನ್ನು ಮುಟ್ಟಗೊಡದೆ, ಪ್ರತಿಯೊಬ್ಬ ಶಿಷ್ಯನೂ ತನ್ನ ಕಥೆಯನ್ನು ಬಾಯಲ್ಲಿಯೇ ಹೇಳಬೇಕೆಂದು ವಿಧಿಸಿದರು. ಬರೆದಾಗ ಸೊಗಸಾಗಿ ಕಂಡಿದ್ದ ಕಥೆಗಳು ಕೆಲವು ಅರ್ಧದಲ್ಲಿಯೇ ತೊದಲಿದವು. ಸಾಧಾರಣವೆಂದು ತೋರಿದ್ದ ಒಂದು ಕಥೆಯು ಎಲ್ಲರನ್ನೂ ಹಿಡಿದು ಕೂರಿಸಿತು.

ಬೆಟ್ಟದ ಕಥಾಶಾಲೆಯ ಸ್ಥಿತಿಯು ಇಂದು ನಿಶ್ಚಿಂತವಾಗಿಲ್ಲ. ಬೀಸು ಕಂಸಾಳೆಯ ಕುಣಿತವು ವೇದಿಕೆಗಳಲ್ಲಿಯೂ ಮೆರವಣಿಗೆಗಳಲ್ಲಿಯೂ ಮೆರೆಯುತ್ತಿದೆ. ಕಾಲೇಜಿನ ಹುಡುಗರೂ ಅದನ್ನು ಕಲಿಯುತ್ತಿರುವರು. ಆದರೆ ಕುಣಿತಕ್ಕೆ ಐದು ಹತ್ತು ನಿಮಿಷ ಸಾಕು, ಸಾಲಿಗೆ ಇಡೀ ರಾತ್ರಿ ಬೇಕು. ಕೈಚಳಕ ಉಳಿದು ಕಥೆಯೇ ಜಾರಿಹೋಗುವ ಭಯವಿದೆ. ಇನ್ನೊಂದು ಕಡೆ, ತೆರೆಯ ಲೋಕವು ಈ ಭಂಡಾರದಿಂದ ತೆಗೆದುಕೊಳ್ಳುತ್ತಲೇ ಇದೆ. ನಾಗಾಭರಣರ ‘ಜನುಮದ ಜೋಡಿ’ಯು (1996) ಪನ್ನಾಲಾಲ್ ಪಟೇಲರ ಗುಜರಾತಿ ಕಾದಂಬರಿಯೊಂದನ್ನು ಕನ್ನಡಕ್ಕೆ ತಂದು, ಅದರೊಡನೆ ಮಾದಪ್ಪನ ಪದಗಳನ್ನು ಬೆಸೆದಾಗ ನಾಡೆಲ್ಲ ಆ ಹಾಡುಗಳನ್ನು ಗುನುಗಿತು. ಮಾದೇಶ್ವರನ ಕಥೆಯು ದೂರದರ್ಶನದ ಧಾರಾವಾಹಿಯಾಗಿಯೂ ಮನೆಮನೆಗೆ ಬಂದಿತು. ತೆಗೆದುಕೊಳ್ಳುವುದು ತಪ್ಪಲ್ಲ, ಕಥೆಯು ಹರಿಯುವ ನೀರು. ಆದರೆ ನೀರು ಕುಡಿದವನು ತೊರೆಯ ಹೆಸರನ್ನು ಮರೆಯಬಹುದೇ?

ಈ ಪ್ರಶ್ನೆಯನ್ನು ಶಿಷ್ಯರೇ ಎತ್ತಿದರು. ನಾವು ಈ ಸಾಲನ್ನು ಚಿತ್ರ ಮಾಡಬಹುದೇ ಎಂದು ಒಬ್ಬನು ಸಂಕೋಚದಿಂದ ಕೇಳಿದಾಗ ವೃದ್ಧರು ಕೊಟ್ಟ ಉತ್ತರವಿದು:

“ಮಾಡ್ರಪ್ಪ. ಮಾದಪ್ಪನ ಕತೆ ನಮ್ಮಪ್ಪನ ಮನೆ ಆಸ್ತಿಯಲ್ಲ. ಯಾರ ತಾವ ಕೇಳಿದ್ದು ಅಂತ ಮಾತ್ರ ಹೇಳಿ. ನಾನೂ ಹಾಡಕ್ಕೆ ಮುಂಚೆ ನಮ್ಮ ಗುರುವ ನೆನೀತೀನಲ್ಲ, ಹಂಗೆ.”

ಚಿತ್ರದ ಆರಂಭದಲ್ಲಿ ತೆರೆಯ ಮೇಲೆ ಸಾಲುಸಾಲಾಗಿ ಹೆಸರುಗಳು ಬರುವುದನ್ನು ನಾವೆಲ್ಲರೂ ನೋಡಿರುವೆವು. ಬೇಸರದಿಂದ ಆ ಹೊತ್ತಿನಲ್ಲಿ ಮಾತಾಡಿಕೊಳ್ಳುವುದೂ ಉಂಟು. ಅದು ಗುಡ್ಡರ ಗುರುಸ್ತುತಿಗೆ ಸಮಾನವಾದುದೆಂದು ಅಂದಿನವರೆಗೆ ನಮಗೆ ಹೊಳೆದಿರಲಿಲ್ಲ. ಹಾಡಿಕೊಟ್ಟವನ ಹೆಸರೂ ಅವನಿಗೆ ಸಲ್ಲತಕ್ಕ ಸಂಭಾವನೆಯೂ ಆ ಸಾಲಿನಲ್ಲಿ ಸೇರಿದಲ್ಲದೆ ಚಿತ್ರಕಥೆಯ ವಿದ್ಯೆಯು ಪೂರ್ಣವಾಗದು. ಇದನ್ನು ಪಾಠದ ಕೊನೆಯ ಅಧ್ಯಾಯವಾಗಿ ಅಲ್ಲ, ಮೊದಲನೆಯ ಅಧ್ಯಾಯವಾಗಿ ಕಲಿಸಬೇಕು. ದೀಕ್ಷೆಯಲ್ಲಿ ವ್ರತವು ಮೊದಲು, ಕಥೆಯು ಅನಂತರ.

ಬೆಟ್ಟಕ್ಕೆ ಹೋಗುವ ಗೃಹಸ್ಥರಲ್ಲಿ ನಮ್ಮದೊಂದು ವಿಜ್ಞಾಪನೆ. ದರ್ಶನವಾಯಿತು, ಲಾಡುಪ್ರಸಾದ ದೊರೆಯಿತು ಎಂದು ಒಡನೆಯೇ ಬಸ್ಸು ಹತ್ತಬೇಡಿರಿ. ಎಲ್ಲಿಯಾದರೂ ಕಂಸಾಳೆಯ ದನಿ ಕೇಳಿದರೆ ಮಕ್ಕಳನ್ನು ಕರೆದುಕೊಂಡು ಹೋಗಿ ಒಂದು ಗಳಿಗೆ ಕುಳಿತುಕೊಳ್ಳಿರಿ. ಹಾಡಿದವರ ಹೆಸರನ್ನೂ ಊರನ್ನೂ ಕೇಳಿ ತಿಳಿದು, ಕೈಲಾದುದನ್ನು ಕೊಡಿರಿ. ನಿಮ್ಮ ಮಗುವು ಮುಂದೆ ಕಥೆ ಬರೆಯುವುದೋ ಇಲ್ಲವೋ ಯಾರು ಬಲ್ಲರು? ಆದರೆ ಎದುರಿಗೆ ಕುಳಿತು ಕೇಳುವವರಿದ್ದಷ್ಟು ಕಾಲವೂ ಆ ವೃದ್ಧರ ಜಗುಲಿಯ ಶಾಲೆಯು ಮುಚ್ಚುವುದಿಲ್ಲ.