ಜಲೋದರದ ಅಪವಾದ

ನನ್ನ ಸೋದರಮಾವನವರು ಹೆಂಡದಂಗಡಿಯಿದ್ದ ಬೀದಿಯನ್ನು ಬಿಟ್ಟು ಸುತ್ತು ಹಾದಿಯಲ್ಲಿ ನಡೆಯುತ್ತಿದ್ದವರು. ಅಂಥವರ ಹೊಟ್ಟೆಯಲ್ಲಿ 2009ರ ಮಳೆಗಾಲದಲ್ಲಿ ನೀರು ತುಂಬಿತು. ಊರಿನ ವೈದ್ಯರು ಯಕೃತ್ತು ಕೆಟ್ಟಿದೆ, ಇದು ಜಲೋದರವೆಂದು ಹೇಳಿ, ದನಿ ತಗ್ಗಿಸಿ, "ಪಾನದ ಅಭ್ಯಾಸವುಂಟೆ?" ಎಂದು ಕೇಳಿದರು. ಮಾವನವರು "ಕಾಫಿಯುಂಟು" ಎಂದರು. ವೈದ್ಯರು ನಂಬಲಿಲ್ಲ. ನಂಬದವರು ಅವರೊಬ್ಬರೇ ಅಲ್ಲವೆಂದು ಬರೆಯಲು ನನಗೆ ಈಗಲೂ ನಾಚಿಕೆಯಾಗುತ್ತದೆ. ಒಂದು ಮಧ್ಯಾಹ್ನ ಅವರು ನಿದ್ರಿಸುತ್ತಿದ್ದಾರೆಂದು ತಿಳಿದು, ಅವರ ಟ್ರಂಕನ್ನು ತೆರೆದು ನೋಡಿದೆನು. ಎರಡು ಪಂಚೆ, ಪಂಚಾಂಗ, ನಶ್ಯದ ಡಬ್ಬಿ, ಇಷ್ಟೆ. ತಿರುಗಿದಾಗ ಅವರ ಕಣ್ಣು ತೆರೆದಿತ್ತು.

ಎರಡು ಸಲ ನೀರು ತೆಗೆಸಿದುದಾಯಿತು. ಎರಡು ಸಲವೂ ಮತ್ತೆ ತುಂಬಿತು. ಎಂಟು ತಿಂಗಳಾದ ಮೇಲೆ ನಗರದ ಹಿರಿಯ ವೈದ್ಯರೊಬ್ಬರು ಹೊಟ್ಟೆಯನ್ನು ಮುಟ್ಟುವುದಕ್ಕೆ ಮೊದಲು ಕೊರಳನ್ನು ನೋಡಿದರು. ನೆಟ್ಟಗೆ ಕುಳಿತಿದ್ದರೂ ರಕ್ತನಾಳಗಳು ದವಡೆಯವರೆಗೆ ಉಬ್ಬಿದ್ದುವು. "ದೀರ್ಘವಾಗಿ ಉಸಿರೆಳೆಯಿರಿ" ಎಂದರು. ಆರೋಗ್ಯವಂತರಲ್ಲಿ ಆಗ ತಗ್ಗಬೇಕಾದ ಉಬ್ಬು ಮಾವನವರಲ್ಲಿ ಮೇಲಕ್ಕೇರಿತು. ಜರ್ಮನಿಯ ಕುಸ್‌ಮೌಲ್ ಎಂಬ ವೈದ್ಯನು 1873ರಲ್ಲೇ ವರ್ಣಿಸಿದ ಚಿಹ್ನೆಯಂತೆ ಇದು! ನೋಡಲು ಬೇಕಾದುದು ಬೆಳಕು, ಎರಡು ಕಣ್ಣು, ಅಷ್ಟೆ.

ಹೃದಯದ ಸುತ್ತ ಎರಡು ಪದರಗಳ ಒಂದು ಚೀಲವುಂಟು. ಅದಕ್ಕೆ ಉರಿಯೂತ ಬಂದು ಮಾಯ್ದಾಗ ಕೆಲವರಲ್ಲಿ ಅದು ದಪ್ಪವಾಗಿ ಗಡುಸಾಗುತ್ತದೆ. ನಮ್ಮ ದೇಶದಲ್ಲಿ ಇದಕ್ಕೆ ಮುಖ್ಯ ಕಾರಣ ಕ್ಷಯ. ಹೃದಯವು ಕುಗ್ಗಬಲ್ಲದು, ಆದರೆ ಹಿಗ್ಗಲಾರದು. ಒಳಗೆ ಎಡೆಯಿಲ್ಲದ ರಕ್ತವು ಹಿಂದೆ ನಿಂತು ಯಕೃತ್ತು ಊದುತ್ತದೆ, ಹೊಟ್ಟೆಗೆ ನೀರು ಸೇರುತ್ತದೆ. ಪ್ರೇಗಿನ ಫ್ರೀಡೆಲ್ ಪಿಕ್ ಎಂಬವನು 1896ರಲ್ಲಿಯೇ ಇಂಥ ರೋಗಿಗಳನ್ನು ವರ್ಣಿಸಿ, ಇದನ್ನು ಯಕೃತ್ತಿನ ಹುಸಿರೋಗವೆಂದು ಕರೆದನು. ಮಾವನವರಿಗೆ ಹಿಂದೊಮ್ಮೆ ತಿಂಗಳುಗಟ್ಟಲೆ ಜ್ವರ, ಕೆಮ್ಮು ಬಂದಿದ್ದುದು ಅತ್ತೆಗೆ ಆಗ ನೆನಪಾಯಿತು. ಅದುವರೆಗೆ ಯಾರೂ ಅವರನ್ನು ಕೇಳಿರಲಿಲ್ಲ. ಕೇಳಿದ್ದೆಲ್ಲ ಸೀಸೆಯ ವಿಷಯ.

ಪಕ್ಕದಿಂದ ತೆಗೆದ ಎಕ್ಸ್‌ರೇಯಲ್ಲಿ ಹೃದಯದ ಅಂಚಿಗೆ ಸುಣ್ಣದ ಗೆರೆ ಕಂಡಿತು. ಆದರೂ ವೈದ್ಯರು ಅವಸರಪಡಲಿಲ್ಲ. ಹೃದಯದ ಸ್ನಾಯುವೇ ಬಿಗಿತುಕೊಳ್ಳುವ ಬೇರೊಂದು ರೋಗವುಂಟು; ಹೊರಗಿನ ಲಕ್ಷಣಗಳು ಬಹುಮಟ್ಟಿಗೆ ಇವೇ, ಆದರೆ ಅಲ್ಲಿ ಪೊರೆಯನ್ನು ಕತ್ತರಿಸಿ ಪ್ರಯೋಜನವಿಲ್ಲ. ಎಕೋ ಪರೀಕ್ಷೆಯಲ್ಲಿ ಉಸಿರಿನೊಡನೆ ರಕ್ತದ ಹರಿವು ಏರಿಳಿಯುವುದನ್ನು ಅಳೆದು, ದೋಷವು ಪೊರೆಯದೇ ಎಂದು ನಿಶ್ಚಯಿಸಿದ ಮೇಲೆಯೇ ಶಸ್ತ್ರಚಿಕಿತ್ಸೆಗೆ ಒಪ್ಪಿದರು.

ಶಸ್ತ್ರಚಿಕಿತ್ಸೆ ಫಲಿಸಿತು; ನೀರು ಮತ್ತೆ ತುಂಬಲಿಲ್ಲ. ಆಸ್ಪತ್ರೆಯ ಹಾಸಿಗೆಯಲ್ಲಿ ಮೊದಲ ಸಲ ಒರಗಿ ಕುಳಿತ ದಿನ ಮಾವನವರು ನನ್ನನ್ನು ಹತ್ತಿರ ಕರೆದು, "ಮನೆಗೆ ಹೋದಾಗ ನಶ್ಯದ ಡಬ್ಬಿ ತಂದುಕೊಡು. ಟ್ರಂಕಿನಲ್ಲಿ ಎಲ್ಲಿದೆಯೆಂಬುದು ನಿನಗೆ ಗೊತ್ತಷ್ಟೆ" ಎಂದರು.